ಹಿಗಿನ್‌ಬಾಥಮ್: ಒಂದು ಅಡ್ಡಹೆಸರಿನ ತವರು ಹುಡುಕಿದ ಕ್ರಮ

ಎಂ.ಜಿ. ರಸ್ತೆಯ ಪುಸ್ತಕದಂಗಡಿಯ ದೆಸೆಯಿಂದ ಬೆಂಗಳೂರಿನವರಿಗೆ ಹಿಗಿನ್‌ಬಾಥಮ್ ಅನ್ನೋದು ಮನೆಮಾತಿನ ಹೆಸರು. ಇಂಗ್ಲೆಂಡಿನಲ್ಲಿ ಮಾತ್ರ ಒಂದು ಮೂಲೆ ಬಿಟ್ಟರೆ ಇದು ಅಪರೂಪ. ಆ ಮೂಲೆ ಇರುವುದು ಮ್ಯಾಂಚೆಸ್ಟರಿನ ಪೂರ್ವ ಮತ್ತು ಆಗ್ನೇಯಕ್ಕೆ, ಲ್ಯಾಂಕಶೈರ್, ಚೆಶೈರ್, ಡರ್ಬಿಶೈರ್ ಮೂರೂ ಕೌಂಟಿಗಳು ಕೂಡುವ ಗುಡ್ಡದಂಚಿನಲ್ಲಿ: ಸ್ಟಾಕ್‌ಪೋರ್ಟ್, ಆಶ್ಟನ್-ಅಂಡರ್-ಲೈನ್, ಗ್ಲಾಸಪ್. ಈ ಹೆಸರಿನ ನಕ್ಷೆ ಮಾಡಲು ನಾನು ಹಿಡಿದ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಊರಿನಿಂದ ಹುಟ್ಟಿದ ಯಾವ ಇಂಗ್ಲಿಷ್ ಅಡ್ಡಹೆಸರಿಗೂ ಇದೇ ದಾರಿ ಸಾಕು. ಒಂದು ಸ್ಪ್ರೆಡ್‌ಶೀಟ್, ಇಂಟರ್ನೆಟ್, ಬೇಕಾದಷ್ಟು ತಾಳ್ಮೆ ಇದ್ದರೆ ಮುಕ್ಕಾಲು ಕೆಲಸ ಮನೆಯಲ್ಲಿ ಕೂತೇ ಮುಗಿಯುತ್ತದೆ.

ಮೊದಲು ಹೆಸರನ್ನು ಬಿಡಿಸಿಕೊಳ್ಳಬೇಕು. ಕೊನೆಯ ‘ಬಾಟಮ್’ಗೂ ಈಗಿನ ಇಂಗ್ಲಿಷಿನಲ್ಲಿ ಅಂಡು ಎಂಬ ಅರ್ಥದ ಪದಕ್ಕೂ ಸಂಬಂಧವಿಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಬೊಟ್ಮ್’, ‘ಬೊಥ್ಮ್’ ಎಂದರೆ ಕಣಿವೆಯ ತಳ, ನಮ್ಮ ಮಲೆನಾಡಿನವರು ಹೇಳುವ ಹೊಂಡದಂಥ ಜಾಗ. ಆ ಗುಡ್ಡಗಳ ಸುತ್ತ ರಾಮ್ಸ್‌ಬಾಟಮ್, ವಿಂಟರ್‌ಬಾಟಮ್, ಲಾಂಗ್‌ಬಾಟಮ್, ಸೈಡ್‌ಬಾಥಮ್ ಎಲ್ಲ ಇದೇ ಜಾತಿಯ ಹೆಸರುಗಳು. ಮೊದಲರ್ಧವನ್ನು ನಿಘಂಟುಗಳು ಓಕ್ ಮರಕ್ಕೆ ಜೋಡಿಸಿ, ಬೋಲ್ಟನ್ ಪಟ್ಟಣದ ಬಳಿಯ ಓಕನ್‌ಬಾಟಮ್ ಎಂಬ ಜಾಗವನ್ನು ತೋರಿಸುತ್ತವೆ. ಮುಂದಿನ ‘ಹ’ ಆಮೇಲೆ ಅಂಟಿಕೊಂಡದ್ದು. ರಿಚರ್ಡ್ ಎಂಬ ಹೆಸರಿನ ಮುದ್ದುರೂಪಗಳಾದ ಹಿಕ್, ಹಿಗ್ಗಿನ್ ಜನರ ಬಾಯಲ್ಲಿದ್ದವು, ಗೊತ್ತಿಲ್ಲದ ಹೆಸರನ್ನು ಗೊತ್ತಿದ್ದ ಹೆಸರಿನ ಕಡೆಗೆ ಎಳೆದುಕೊಂಡರು. ‘ಬಾಟಮ್’ ಎನ್ನಲು ನಾಚಿ ವಿಕ್ಟೋರಿಯಾ ಕಾಲದವರು ‘ಬಾಥಮ್’ ಮಾಡಿಕೊಂಡರು ಎಂಬ ಮಾತನ್ನು ಎಲ್ಲ ಕಡೆ ಕೇಳುತ್ತೀರಿ. ಕೆಲವು ಮನೆಗಳ ಮಟ್ಟಿಗೆ ನಿಜವಿರಬಹುದು, ಆದರೆ ಟ ಮತ್ತು ಥ ಎರಡೂ ಹಳೆಯ ಮೂಲಪದದಲ್ಲೇ ಇದ್ದವು. ಆದ್ದರಿಂದ ಬಾಟಮ್‌ನವರು ಬೇರೆ, ಬಾಥಮ್‌ನವರು ಬೇರೆ ಎಂದು ಶುರುವಿನಲ್ಲೇ ಗೆರೆ ಎಳೆಯಬೇಡಿ.

ಕೆಲಸದ ಅರ್ಧ ಭಾಗ ಅಕ್ಷರರೂಪಗಳ ಪಟ್ಟಿಯೇ. ಹೆಸರು ಹೇಳಿದವನಿಗೆ ಓದು ಬರಹ ಬಾರದು, ಬರೆದುಕೊಂಡ ಪಾದ್ರಿ ಅಥವಾ ಗುಮಾಸ್ತ ಕಿವಿಗೆ ಬಿದ್ದದ್ದನ್ನು ಬರೆದ. ಜಿ ಒಂದೋ ಎರಡೋ, ಜಿ ಬದಲು ಸಿ-ಕೆ, ಮೊದಲ ಸ್ವರ ಐ ಅಥವಾ ಇ, ನಡುವಿನದು ಐ, ಇ ಅಥವಾ ಓ, ಎರಡು ಟಿ ಅಥವಾ ಟಿ-ಎಚ್, ಕೊನೆಗೆ ಓ-ಎಂ ಅಥವಾ ಎ-ಎಂ. ಬರೀ ಇಷ್ಟನ್ನು ಗುಣಿಸಿದರೇ ರೂಪಗಳು ಐವತ್ತು ದಾಟುತ್ತವೆ. ಚಾಲ್ತಿಯಲ್ಲಿದ್ದ ಹತ್ತು ಹನ್ನೆರಡನ್ನು ಮಾತ್ರ ಆರಿಸಿಕೊಳ್ಳಿ.

ಸೌಂಡೆಕ್ಸ್ ಎಂಬ ಉಚ್ಚಾರ ಸಂಕೇತವನ್ನು ನಂಬಿ ಕೂತವರು ಎಡವುವುದು ಇಲ್ಲೇ. ಅದು ಮೊದಲ ಅಕ್ಷರವನ್ನು ಹಾಗೇ ಇಟ್ಟುಕೊಂಡು ಮುಂದಿನ ಮೂರು ವ್ಯಂಜನಗಳನ್ನು ಅಂಕಿ ಮಾಡುತ್ತದೆ. ಸಿ, ಕೆ, ಜಿ ಮೂರಕ್ಕೂ 2, ಎನ್‌ಗೆ 5, ಬಿಗೆ 1. ಹಾಗಾಗಿ ಹಿಗಿನ್‌ಬಾಥಮ್, ಹೆಗಿನ್‌ಬಾಟಮ್, ಹಿಕಿನ್‌ಬಾಟಮ್ ಎಲ್ಲಕ್ಕೂ ಎಚ್-251 ಬರುತ್ತದೆ. ಅಲ್ಲಿಗೆ ಚೆನ್ನಾಗಿದೆ. ಆದರೆ ಹಿಕಿಂಗ್‌ಬಾಟಮ್ ಎಂದು ನಡುವೆ ಒಂದು ಜಿ ಸೇರಿದರೆ ಎಚ್-252, ಹುಡುಕಾಟದಿಂದ ಹೊರಗೆ. ಇನ್ನೂ ದೊಡ್ಡ ತೊಡಕು ಮೊದಲ ಅಕ್ಷರದ್ದು. ಲ್ಯಾಂಕಶೈರಿನ ಆಡುಮಾತಿನಲ್ಲಿ ಹಕಾರ ಬಿದ್ದೇಹೋಗುತ್ತದೆ (ಹಾಲು ‘ಆಲು’ ಆಗುವುದನ್ನು ಕೇಳಿದವರಿಗೆ ಇದು ಹೊಸದಲ್ಲ). ಇಗಿನ್‌ಬಾಟಮ್ ಎಂದು ಬರೆದರೆ ಐ-251, ಎಗಿನ್‌ಬಾಟಮ್ ಎಂದರೆ ಇ-251, ಮೂಲದ ಓಕನ್‌ಬಾಟಮ್‌ಗೆ ಓ-251. ಅಂಕಿ ಒಂದೇ, ಅಕ್ಷರ ಬೇರೆ. ನಾಲ್ಕನ್ನೂ ಬೇರೆ ಬೇರೆಯಾಗಿಯೇ ಹುಡುಕಬೇಕು. ವಂಶಾವಳಿ ದಾಖಲೆಗಳ ಉಚಿತ ತಾಣವಾದ ಫ್ಯಾಮಿಲಿಸರ್ಚ್‌ನಲ್ಲಿ, ಯಾವ ಅಕ್ಷರವಾದರೂ ಸರಿ ಎನ್ನುವ ಕಡೆ ನಕ್ಷತ್ರ ಚಿಹ್ನೆ ಬಳಸಬಹುದು: ಎಚ್*ಎನ್*ಬಿ*ಟಿ*ಎಂ ಎಂಬ ಒಂದೇ ಮಾದರಿಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಟ್ಟರೆ ಹಕಾರದ ರೂಪಗಳೆಲ್ಲ ಒಟ್ಟಿಗೆ ಬರುತ್ತವೆ. ಹಳೆಯ ಕೈಬರಹದ ಎಚ್ ಅನ್ನು ಕೆ ಅಥವಾ ಡಬ್ಲ್ಯೂ ಎಂದು ಓದಿ ನಮೂದಿಸಿದ ದಾಖಲೆಗಳೂ ಇರುತ್ತವೆ, ಅದೇ ಮಾದರಿಯನ್ನು ಆ ಅಕ್ಷರಗಳಿಗೂ ಒಮ್ಮೆ ಹಾಕಿ ನೋಡಿ.

ಎರಡನೆಯ ಹಂತ ಜನನ ಮರಣ ದಾಖಲೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಅದರ ಹೆಸರುಗಳ ಸೂಚಿ ಮೂರು ಮೂರು ತಿಂಗಳ ಕಂತಿನದು. ‘ಮಾರ್ಚ್ ತ್ರೈಮಾಸಿಕ’ ಎಂದರೆ ಆ ಮೂರು ತಿಂಗಳಲ್ಲಿ ನೋಂದಣಿಯಾಯಿತು ಎಂದಷ್ಟೇ ಅರ್ಥ, ಡಿಸೆಂಬರಿನ ಕೂಸು ಅಲ್ಲಿ ಸಿಗುವುದು ಮಾಮೂಲು. ಮೊದಲ ದಶಕಗಳಲ್ಲಿ ಜನನಗಳು ಕೈಬಿಟ್ಟುಹೋಗಿವೆ. 1874ರ ಕಾಯಿದೆ ಬಂದು 1875ರಿಂದ ನೋಂದಾಯಿಸದವರಿಗೆ ದಂಡ ಬಿದ್ದ ಮೇಲೆ ಲೆಕ್ಕ ನಂಬುವಂತಾಯಿತು. ಎಣಿಕೆಗೆ ಸ್ವಯಂಸೇವಕರು ಈ ಸೂಚಿಯಿಂದ ಕಟ್ಟಿದ ಫ್ರೀಬಿಎಂಡಿ ತಾಣ ಸಾಕು, ಹಣವಿಲ್ಲ. ಆದರೆ ಅದರಲ್ಲಿ ತಾಯಿಯ ತವರಿನ ಹೆಸರು ಬರುವುದು 1911ರ ಸೆಪ್ಟೆಂಬರ್ ತ್ರೈಮಾಸಿಕದಿಂದ ಈಚೆಗೆ. ಅದಕ್ಕಿಂತ ಹಿಂದಿನದಕ್ಕೆ ಸರ್ಕಾರಿ ರಿಜಿಸ್ಟರ್ ಕಚೇರಿಯ ಹೊಸ ಸೂಚಿ ಬೇಕು, ಅದು 1837ರಿಂದಲೇ ತವರಿನ ಹೆಸರು ಕೊಡುತ್ತದೆ. ಅಲ್ಲಿ ನಕ್ಷತ್ರ ಚಿಹ್ನೆ ನಡೆಯುವುದಿಲ್ಲ. ಗಂಡೋ ಹೆಣ್ಣೋ ಹೇಳಲೇಬೇಕು, ಒಮ್ಮೆಗೆ ಐದು ವರ್ಷದ ಕಿಟಕಿ ಮಾತ್ರ. 1837ರಿಂದ 1911ರವರೆಗೆ 15 ಕಿಟಕಿ, ಗಂಡು ಹೆಣ್ಣು ಸೇರಿ 30 ಹುಡುಕಾಟ, ಹನ್ನೆರಡು ಅಕ್ಷರರೂಪಕ್ಕೆ 360. ದಿನಕ್ಕೊಂದು ರೂಪ ಎಂದು ಇಟ್ಟುಕೊಂಡರೆ ಎರಡು ವಾರದೊಳಗೆ ಮುಗಿಯುತ್ತದೆ.

ನಕ್ಷೆಗೆ ಮಾತ್ರ ಬುನಾದಿ 1881ರ ಜನಗಣತಿಯೇ. ಅದು ಏಪ್ರಿಲ್ 3ರ ರಾತ್ರಿಯ ಎಣಿಕೆ. ಇಡೀ ದೇಶದ ನಮೂದನ್ನು ಸ್ವಯಂಸೇವಕರು ಅಕ್ಷರಕ್ಕಿಳಿಸಿದ್ದಾರೆ, ಪ್ರತಿ ವ್ಯಕ್ತಿಯ ವಯಸ್ಸು, ಕಸುಬು, ಹುಟ್ಟಿದ ಊರು ಸಮೇತ ಉಚಿತವಾಗಿ ಸಿಗುತ್ತದೆ. 1841ರ ಗಣತಿ ಈ ಕೆಲಸಕ್ಕೆ ಬಾರದು: 15 ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, ಹುಟ್ಟೂರಿನ ಬದಲು ‘ಇದೇ ಕೌಂಟಿಯಲ್ಲಿ ಹುಟ್ಟಿದ್ದೇ, ಹೌದು ಅಥವಾ ಇಲ್ಲ’ ಎಂಬುದಷ್ಟೇ ಇದೆ.

ಇಲ್ಲಿಂದ ಸಿಕ್ಕವರನ್ನೆಲ್ಲ ವಾಸದ ಊರಿನ ಮೇಲೆ ಚುಕ್ಕೆ ಇಟ್ಟರೆ ಬರುವುದು ಹತ್ತಿ ಗಿರಣಿಗಳ ನಕ್ಷೆ, ಹೆಸರಿನ ನಕ್ಷೆಯಲ್ಲ. ಕೂಲಿ ಇದ್ದಲ್ಲಿಗೆ ಜನ ಹೋಗಿದ್ದರು. ನಾನು ಮಾಡುವುದು ಹೀಗೆ. ಪಟ್ಟಿಯಿಂದ ಮದುವೆಯಾದ ಹೆಂಗಸರನ್ನೂ ವಿಧವೆಯರನ್ನೂ ತೆಗೆದುಹಾಕುತ್ತೇನೆ, ಅವರ ಹೆಸರು ಗಂಡನ ಮನೆಯದು, ಹುಟ್ಟೂರು ತವರಿನದು. ಇದನ್ನು ಮರೆತರೆ ಹೆಸರು ಎಂದೂ ಕಾಲಿಡದ ಊರುಗಳಲ್ಲಿ ಚುಕ್ಕೆ ಬೀಳುತ್ತದೆ. ಉಳಿದವರಲ್ಲಿ 60 ದಾಟಿದವರನ್ನು ಬೇರೆ ಹಾಳೆಗೆ ಹಾಕಿ, ಅವರ ಹುಟ್ಟೂರನ್ನು ಮಾತ್ರ ಗುರುತು ಮಾಡುತ್ತೇನೆ. ಅವರೆಲ್ಲ 1821ಕ್ಕೆ ಮುಂಚೆ ಹುಟ್ಟಿದವರು, ರೈಲು ಬರುವುದಕ್ಕೂ ಹಿಂದಿನ ಹರಡಿಕೆ ಅವರಲ್ಲಿ ಉಳಿದಿದೆ. ಒಬ್ಬನೇ ಮನುಷ್ಯ 1851, 1861, 1871ರಲ್ಲಿ ಬೇರೆ ಬೇರೆ ಹುಟ್ಟೂರು ಹೇಳಿರುತ್ತಾನೆ, ಅವುಗಳಲ್ಲಿ ಅತಿ ಚಿಕ್ಕ ಊರನ್ನು ನಂಬಿ. ದೂರ ಹೋದವನು ಹತ್ತಿರದ ಪಟ್ಟಣದ ಹೆಸರು ಹೇಳುತ್ತಾನೆ, ಸುಮ್ಮಸುಮ್ಮನೆ ಹಳ್ಳಿಯ ಹೆಸರು ಯಾರೂ ಹೇಳುವುದಿಲ್ಲ.

ಇನ್ನು ಲೆಕ್ಕ. ತಲೆ ಎಣಿಸಿದರೆ ಲಂಡನ್, ಮ್ಯಾಂಚೆಸ್ಟರ್ ಯಾವಾಗಲೂ ಮುಂದೆ ಬರುತ್ತವೆ. ಹೆಸರಿನವರ ಸಂಖ್ಯೆಯನ್ನು ಆ ನೋಂದಣಿ ಜಿಲ್ಲೆಯ ಒಟ್ಟು ಜನಸಂಖ್ಯೆಯಿಂದ ಭಾಗಿಸಿ ಲಕ್ಷಕ್ಕೆ ಎಷ್ಟು ಎಂದು ತೆಗೆಯಿರಿ. ಜಿಲ್ಲೆಯ ಜನಸಂಖ್ಯೆ ಪೋರ್ಟ್ಸ್‌ಮತ್ ವಿಶ್ವವಿದ್ಯಾಲಯದ ‘ವಿಷನ್ ಆಫ್ ಬ್ರಿಟನ್’ ತಾಣದಲ್ಲಿದೆ. ಇದಕ್ಕೂ ಒಂದು ಗುಂಡಿ ಇದೆ. 6,000 ಜನರ ಹಳ್ಳಿಗಾಡಿನ ಜಿಲ್ಲೆಗೆ ಏಳು ಜನರ ಒಂದೇ ಸಂಸಾರ ಬಂದು ನೆಲೆಸಿತು ಎಂದುಕೊಳ್ಳಿ, ಲಕ್ಷಕ್ಕೆ 117 ಆಯಿತು, ನಕ್ಷೆಯಲ್ಲಿ ಅದೇ ತವರಿನ ಹಾಗೆ ಕೆಂಪಾಗಿ ಹೊಳೆಯುತ್ತದೆ. ಅದಕ್ಕೇ ತಲೆಯ ಜೊತೆ ಮನೆಗಳನ್ನೂ ಎಣಿಸಿ ಪಕ್ಕದ ಕಾಲಮ್ಮಿನಲ್ಲಿ ಇಡಬೇಕು. ಮೂರು ಮನೆಗಿಂತ ಕಡಿಮೆ ಇದ್ದ ಜಿಲ್ಲೆಗೆ ನಾನು ಬಣ್ಣ ಹಾಕುವುದಿಲ್ಲ.

ಕೌಂಟಿಯ ಗಡಿಯನ್ನು ನಂಬುವುದಕ್ಕಂತೂ ಆಗದು. ಆಶ್ಟನ್ ನೋಂದಣಿ ಜಿಲ್ಲೆ ಲ್ಯಾಂಕಶೈರಿನದು ಎಂದು ಸೂಚಿ ಹೇಳುತ್ತದೆ, ಆದರೆ ಚೆಶೈರಿನ ಡಕಿನ್‌ಫೀಲ್ಡ್ ಜನ ನೋಂದಾಯಿಸಿದ್ದು ಅಲ್ಲೇ. ಗ್ಲಾಸಪ್‌ನವರು ಬಹುಕಾಲ ಹೇಫೀಲ್ಡ್ ಜಿಲ್ಲೆಯಲ್ಲಿ ಬರುತ್ತಾರೆ. ಸ್ಟಾಕ್‌ಪೋರ್ಟಿನ ಪಕ್ಕದ ಮೆಲರ್ ಹಳ್ಳಿ ಡರ್ಬಿಶೈರಿನದಾಗಿತ್ತು, 1936ರಲ್ಲಿ ಚೆಶೈರಿಗೆ ಬಂತು, 1974ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಸೇರಿತು. ಇಷ್ಟು ಸಾಲದೆಂಬಂತೆ ಲ್ಯಾಂಕಶೈರಿನ ಬ್ಲ್ಯಾಕ್‌ಬರ್ನ್ ಬಳಿ ಇನ್ನೊಂದು ಮೆಲರ್ ಇದೆ. ಹುಟ್ಟೂರಿನ ಕಾಲಮ್ಮಿನಲ್ಲಿ ಕೌಂಟಿಯ ಹೆಸರಿಲ್ಲದೆ ‘ಮೆಲರ್’ ಎಂದಷ್ಟೇ ಕಂಡರೆ ಆ ಸಾಲನ್ನು ಪಕ್ಕಕ್ಕಿಡಿ. ಊರಿಗೆ ಹೆಸರಿನ ಬದಲು ಅಕ್ಷಾಂಶ ರೇಖಾಂಶ ಕೊಟ್ಟುಬಿಟ್ಟರೆ ಈ ತಲೆನೋವು ಮುಗಿಯಿತು.

1837ಕ್ಕಿಂತ ಹಿಂದೆ ಹೋಗಲು ದೀಕ್ಷಾಸ್ನಾನ, ಮದುವೆ, ಸಮಾಧಿ ಬರೆದಿಡುವ ಇಗರ್ಜಿಯ ಪುಸ್ತಕಗಳೇ ಗತಿ. ಅವನ್ನಿಡಬೇಕೆಂದು ಆಜ್ಞೆಯಾದದ್ದು 1538ರಲ್ಲಿ, ಬಿಷಪ್ಪರಿಗೆ ವರ್ಷವರ್ಷ ನಕಲು ಕಳಿಸುವ ಪದ್ಧತಿ ಬಂದದ್ದು 1598ರಲ್ಲಿ. ಮೂಲ ಹರಿದಿದ್ದರೆ ನಕಲು, ನಕಲು ಇಲ್ಲದಿದ್ದರೆ ಮೂಲ, ಎರಡನ್ನೂ ನೋಡಬೇಕು. 1642ರಿಂದ 1660ರ ನಡುವೆ ಅಂತರ್ಯುದ್ಧದ ಗದ್ದಲದಲ್ಲಿ ಎಲ್ಲ ಕಡೆ ತೂತುಗಳಿವೆ. 1752ರವರೆಗೆ ಅಲ್ಲಿ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ, ಅಂದರೆ 1690ರ ಫೆಬ್ರವರಿ ಎಂದು ಬರೆದಿದ್ದರೆ ನಮ್ಮ ಲೆಕ್ಕಕ್ಕೆ ಅದು 1691. ಉತ್ತರ ಇಂಗ್ಲೆಂಡಿನ ಪ್ಯಾರಿಷ್‌ಗಳು, ಅಂದರೆ ಒಂದೊಂದು ಇಗರ್ಜಿಯ ವ್ಯಾಪ್ತಿಗಳು, ದೈತ್ಯ ಗಾತ್ರದವು, ಮಾರ್ಪಲ್‌ನಂಥ ಊರು ಕೂಡ ಸ್ಟಾಕ್‌ಪೋರ್ಟ್ ಪ್ಯಾರಿಷ್‌ನ ಒಂದು ಕಿರು ಇಗರ್ಜಿಯ ಊರು ಅಷ್ಟೆ. ಮ್ಯಾಂಚೆಸ್ಟರಿನ ಕಾಲೇಜಿಯೇಟ್ ಚರ್ಚಿಗೆ (1847ರಿಂದ ಅದೇ ಕೆಥೆಡ್ರಲ್) ಮದುವೆಯ ಶುಲ್ಕದ ಹಕ್ಕಿತ್ತು, ಬೇರೆ ಕಡೆ ತಾಳಿ ಕಟ್ಟಿದರೂ ಅಲ್ಲಿಗೆ ದುಡ್ಡು ಕಟ್ಟಬೇಕಿದ್ದುದರಿಂದ ಜನ ನೇರ ಅಲ್ಲಿಗೇ ಹೋಗಿ ಹಿಂಡು ಹಿಂಡಾಗಿ ಮದುವೆಯಾದರು. ಅಲ್ಲಿ ಮದುವೆ ಸಿಕ್ಕಿತೆಂದು ಮ್ಯಾಂಚೆಸ್ಟರಿನಲ್ಲಿ ಚುಕ್ಕೆ ಇಡಬೇಡಿ. ಮೆಥಡಿಸ್ಟ್ ಮತ್ತಿತರ ಪ್ರತ್ಯೇಕ ಪಂಗಡಗಳವರು ಇಗರ್ಜಿಯ ಪುಸ್ತಕದಲ್ಲಿ ಕಾಣಿಸದೇ ಹೋಗಬಹುದು, ಅವರ ಪುಸ್ತಕಗಳು ರಾಷ್ಟ್ರೀಯ ದಾಖಲೆ ಭಂಡಾರದಲ್ಲಿ ಆರ್‌ಜಿ 4 ಸರಣಿಯಲ್ಲಿವೆ.

ಮಧ್ಯಯುಗಕ್ಕೆ ಇಳಿದರೆ ತೆರಿಗೆ ಪಟ್ಟಿಗಳು. ಲ್ಯಾಂಕಶೈರಿಗೆ 1332ರದು ಒಳ್ಳೆಯದು. ಚೆಶೈರಿಗೆ ಮಾತ್ರ ಆ ಕಾಲದ ಪಟ್ಟಿಯೇ ಸಿಗದು. ಅದು ಸ್ವಂತ ಅಧಿಕಾರವಿದ್ದ ಪ್ಯಾಲಟೈನ್ ಕೌಂಟಿ, ರಾಜ್ಯದ ತೆರಿಗೆ ಅದಕ್ಕೆ ಅನ್ವಯಿಸುತ್ತಿರಲಿಲ್ಲ, 1379ರ ತಲೆಗಂದಾಯದಲ್ಲೂ ಅದು ಹೊರಗೆ. 14ನೇ ಶತಮಾನದ ನಕ್ಷೆಯಲ್ಲಿ ಚೆಶೈರ್ ಬಿಳಿಯಾಗಿ ಉಳಿದರೆ ಅಲ್ಲಿ ಹೆಸರಿರಲಿಲ್ಲ ಎಂದಲ್ಲ, ಕಾಗದ ಇರಲಿಲ್ಲ ಎಂದರ್ಥ. ಈ ಹೆಸರಿನ ವಿಷಯದಲ್ಲಿ ಇದು ಸಣ್ಣ ಮಾತಲ್ಲ. ಬೋಲ್ಟನ್‌ನಿಂದ ಸ್ಟಾಕ್‌ಪೋರ್ಟಿಗೆ ನೇರ ಗೆರೆಯಲ್ಲಿ ಸುಮಾರು 26 ಕಿ.ಮೀ., ಗ್ಲಾಸಪ್‌ಗೆ 35. ಹೆಸರು ಹುಟ್ಟಿದ್ದೆಂದು ನಿಘಂಟು ಹೇಳುವ ಜಾಗ ಒಂದು ಕಡೆ, ಜನ ಗುಂಪಾಗಿರುವುದು ಇನ್ನೊಂದು ಕಡೆ. ಊರಿನ ಹೆಸರು ಅಂಟುವುದೇ ಊರು ಬಿಟ್ಟವನಿಗೆ. ಧಾರವಾಡದ ಕಡೆ ಬಾದಾಮಿ ಅಥವಾ ಹಾನಗಲ್ ಎಂಬ ಅಡ್ಡಹೆಸರಿನವರು ಸಿಗುವುದು ಬಾದಾಮಿ, ಹಾನಗಲ್ಲಿನ ಹೊರಗೇ ಹೆಚ್ಚು. ಒಬ್ಬ ಪೂರ್ವಜ ಬೋಲ್ಟನ್ ಬಿಟ್ಟು ಹೊರಟು ಅವನ ಗಂಡುಸಂತಾನ ಚೆಶೈರಿನಂಚಿನಲ್ಲಿ ಬೆಳೆಯಿತೆಂಬುದು ಸರಳ ವಿವರಣೆ. ಅಥವಾ ಓಕ್ ಮರಗಳ ಕಣಿವೆ ಒಂದೇ ಅಲ್ಲದೆ ಎರಡು ಇದ್ದಿರಲೂಬಹುದು. ಹೆಸರಿನ ಅರ್ಥ ಸರಿಯಿದ್ದ ಮಾತ್ರಕ್ಕೆ ಜಾಗ ಸರಿ ಎಂದು ನಾನಂತೂ ಒಪ್ಪುವುದಿಲ್ಲ.

ಇಂಥ ಕಡೆ ತಂದೆಯಿಂದ ಮಗನಿಗೆ ಇಳಿಯುವ ವೈ ಕ್ರೋಮೋಸೋಮಿನ ಪರೀಕ್ಷೆ ನೆರವಾಗುತ್ತದೆ. ತಳಿವಿಜ್ಞಾನಿಗಳಾದ ತೂರಿ ಕಿಂಗ್ ಮತ್ತು ಮಾರ್ಕ್ ಜಾಬ್ಲಿಂಗ್ 2009ರಲ್ಲಿ 40 ಅಡ್ಡಹೆಸರುಗಳನ್ನು ಪರೀಕ್ಷಿಸಿ, ಹೆಸರು ಅಪರೂಪವಾದಷ್ಟೂ ಅದರ ಗಂಡಸರು ಒಂದೇ ಮೂಲದವರಾಗಿರುವ ಸಂಭವ ಹೆಚ್ಚು, ಸ್ಮಿತ್‌ನಂಥ ಹೆಸರಿಗೆ ಅಂಥ ನಂಟೇ ಇಲ್ಲ ಎಂದು ತೋರಿಸಿದರು. ಮಾಡಿಸುವುದಾದರೆ ಕಾಗದದಲ್ಲಿ ಸಂಬಂಧ ಸಿಗದ ಎರಡು ಶಾಖೆಗಳಿಂದ ಒಬ್ಬೊಬ್ಬರನ್ನು ಆರಿಸಿ. ಅಣ್ಣತಮ್ಮಂದಿರನ್ನು ಪರೀಕ್ಷಿಸಿ ಪ್ರಯೋಜನವಿಲ್ಲ. ಕ್ರೋಮೋಸೋಮಿನ ಮೇಲೆ 37 ಗುರುತುಗಳಿಗಿಂತ (ಹೋಲಿಸಿ ನೋಡುವ ಜಾಗಗಳು) ಕಡಿಮೆ ನೋಡುವ ಪರೀಕ್ಷೆಗೆ ದುಡ್ಡು ಹಾಕಬೇಡಿ.

ಕೊನೆಯ ಹಾಳೆ ಹೊರಗೆ ಹೋದವರದು. ಐರ್ಲೆಂಡಿನ ಶಾಖೆಯಲ್ಲಿ ಒಂದೇ ಜಿ ಇರುವ ರೂಪ ಸಿಗುತ್ತದೆ. ಡಬ್ಲಿನ್‌ನಲ್ಲಿ 1826ರಲ್ಲಿ ಹುಟ್ಟಿ ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಮುಖ್ಯ ನ್ಯಾಯಾಧೀಶರಾದ ಜಾರ್ಜ್ ಹಿಗಿನ್‌ಬಾಥಮ್ ಹಾಗೇ ಬರೆದುಕೊಳ್ಳುತ್ತಿದ್ದರು. ಮದ್ರಾಸಿನಲ್ಲಿ 1844ರಲ್ಲಿ ಪುಸ್ತಕದಂಗಡಿ ತೆರೆದ ಏಬಲ್ ಜೋಶುವಾ ಅವರದು ಎರಡು ಜಿ. ಭಾರತದಲ್ಲಿದ್ದ ಬ್ರಿಟಿಷರ ದೀಕ್ಷಾಸ್ನಾನ, ಮದುವೆ, ಸಮಾಧಿಯ ನಕಲುಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಎನ್ 1 ಬಂಗಾಳ, ಎನ್ 2 ಮದ್ರಾಸ್, ಎನ್ 3 ಬಾಂಬೆ ಎಂದು ವಿಂಗಡವಾಗಿವೆ. ಬೆಂಗಳೂರು ದಂಡಿನ ಚರ್ಚುಗಳ ನಮೂದು ಹುಡುಕುವವರು ಮೈಸೂರು ಎಂಬ ತಲೆಬರಹಕ್ಕಾಗಿ ಕಾಯಬೇಡಿ, ಅವು ಮದ್ರಾಸಿನ ಎನ್ 2ರೊಳಗಿವೆ. ಅಲ್ಲೂ ಹಕಾರ ಬಿಟ್ಟು ಒಮ್ಮೆ, ಸೇರಿಸಿ ಒಮ್ಮೆ ಹುಡುಕಿ.