ಇ.ಸಿ. ತೆಗೆದರೆ ಸಾಲದು, ಕೂತು ಓದಬೇಕು

ಮನೆ ಹುಡುಕುವವರು ಫೋಟೊ ನೋಡುವುದರಲ್ಲಿ ತಿಂಗಳುಗಟ್ಟಲೆ ಕಳೆಯುತ್ತಾರೆ. ಅಡುಗೆಮನೆ ಯಾವ ದಿಕ್ಕಿಗಿದೆ, ಬಾಲ್ಕನಿಗೆ ಬಿಸಿಲು ಬರುತ್ತಾ, ಎಲ್ಲ ವಿಚಾರಿಸುತ್ತಾರೆ. ಕಾಗದಪತ್ರದ ವಿಷಯ ಬಂದರೆ ಮಾತ್ರ ‘ಅಡ್ವಾನ್ಸ್ ಕೊಟ್ಟು ಆಮೇಲೆ ನೋಡೋಣ’. ಈ ಕ್ರಮ ತಲೆಕೆಳಗು. ಮೊಬೈಲು ಕೈಯಲ್ಲಿದ್ದರೆ ಅರ್ಧ ಪರಿಶೀಲನೆಯನ್ನು ಒಂದು ರೂಪಾಯಿ ಅಡ್ವಾನ್ಸ್ ಕೊಡುವ ಮೊದಲೇ ಮುಗಿಸಬಹುದು.

ಮೊದಲು ಬೆಲೆ. ಮನೆ ಮಾರುವ ಆ್ಯಪ್‌ಗಳಲ್ಲಿ ಆ ಬಡಾವಣೆಯ ಹತ್ತು ಮನೆ ನೋಡಿ, ಕೇಳುತ್ತಿರುವ ಬೆಲೆ ಬರೆದಿಟ್ಟುಕೊಳ್ಳಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಆ ಜಾಗಕ್ಕೆ ಸರ್ಕಾರ ನಿಗದಿ ಮಾಡಿದ ಮಾರ್ಗಸೂಚಿ ಬೆಲೆಯನ್ನೂ ನೋಡಿ. ಕರ್ನಾಟಕದಲ್ಲಿ ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2 ಆಗಿದೆ. ಹಳೆಯ ಲೆಕ್ಕ ಹಿಡಿದು ಕೂರಬೇಡಿ.

ಎರಡನೆಯದು, ಮಾರುವವರಿಂದ ಅವರ ಕ್ರಯಪತ್ರದ ಮತ್ತು ಇ-ಖಾತೆಯ ನಕಲು ಕೇಳಿ. ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ‘ಅಡ್ವಾನ್ಸ್ ಕೊಟ್ಟರೆ ಕೊಡ್ತೀವಿ’ ಅಂದರೆ ಆ ಮನೆ ಬಿಟ್ಟುಬಿಡಿ. ಇದರಲ್ಲಿ ಚೌಕಾಸಿ ಬೇಡ.

ಈಗ ಇ.ಸಿ., ಅಂದರೆ ಋಣಭಾರ ಪ್ರಮಾಣಪತ್ರ: ಒಂದು ಜಾಗದ ಮೇಲೆ ನೋಂದಣಿಯಾದ ಮಾರಾಟ, ಅಡಮಾನಗಳ ಪಟ್ಟಿ. ಇದೂ ಕಾವೇರಿಯಲ್ಲೇ ಸಿಗುತ್ತದೆ. ಜನ ಜಾಸ್ತಿ ಎಡವುವುದು ಇಲ್ಲೇ.

ಕಳೆದ ವರ್ಷ ನನ್ನ ನಾದಿನಿ ಮೈಸೂರಿನಲ್ಲಿ ಒಂದು ಮನೆ ನೋಡಿದ್ದಳು. ಒಂದು ರಾತ್ರಿ ಫೋನ್ ಮಾಡಿ, ‘ಅತ್ತಿಗೆ, ಇ.ಸಿ. ನಿಲ್ ಬಂದಿದೆ, ಏನೂ ತೊಂದರೆ ಇಲ್ಲ’ ಅಂದಳು. ‘ಮಾರುವವರು ಯಾವಾಗ ಕೊಂಡಿದ್ದು?’ ಅಂತ ಕೇಳಿದೆ. 2012ರಲ್ಲಿ ಅಂದಳು. ‘ಹಾಗಾದರೆ ಅವರು ಕೊಂಡ ಕ್ರಯಪತ್ರವಾದರೂ ಅದರಲ್ಲಿ ಇರಬೇಕಲ್ವಾ?’ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ನೋಡಿದರೆ ಕ್ರಯಪತ್ರದಲ್ಲಿ ನಿವೇಶನದ ಸಂಖ್ಯೆ 147/ಎ. ಅವಳು ಹಾಕಿದ್ದು ಬರೀ 147. ಸರಿಯಾಗಿ ಹಾಕಿ ಮತ್ತೆ ತೆಗೆದಾಗ ನಾಲ್ಕು ಸಾಲು ಬಂತು. ಕೊನೆಯ ಸಾಲು 2019ರ ಬ್ಯಾಂಕ್ ಸಾಲದ ಅಡಮಾನ. ಸಾಲ ತೀರಿದ ಖುಲಾಸೆ ಪತ್ರ ಎಲ್ಲೂ ಇರಲಿಲ್ಲ.

ನಿಲ್ ಇ.ಸಿ. ಅಂದರೆ ನಮೂನೆ 16. ನೀವು ಕೊಟ್ಟ ವಿವರಕ್ಕೆ, ನೀವು ಕೊಟ್ಟ ಅವಧಿಯಲ್ಲಿ, ನೋಂದಾಯಿತ ಪತ್ರ ಯಾವುದೂ ಸಿಗಲಿಲ್ಲ ಅಂತ ಮಾತ್ರ ಅದರ ಅರ್ಥ. ವ್ಯವಹಾರ ಸಿಕ್ಕಿದರೆ ಬರುವುದು ನಮೂನೆ 15. ಮಾರುವವರು ಕೊಂಡ ವರ್ಷವನ್ನೂ ಸೇರಿಸಿ ಹುಡುಕಿದಾಗ ನಿಲ್ ಬಂತೆಂದರೆ ನೀವು ಹುಡುಕಿದ್ದು ಬೇರೆ ಜಾಗ. ಸಂತೋಷಪಡಬೇಡಿ, ಮತ್ತೆ ಹುಡುಕಿ.

ಹುಡುಕುವಾಗ ಊರು, ನಿವೇಶನದ ಸಂಖ್ಯೆ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಎಲ್ಲವನ್ನೂ ಕ್ರಯಪತ್ರದ ಷೆಡ್ಯೂಲಿನಲ್ಲಿ, ಅಂದರೆ ಆಸ್ತಿಯ ವಿವರ ಬರೆದ ಭಾಗದಲ್ಲಿ, ಇದ್ದ ಹಾಗೇ ಹಾಕಿ. ಬಾಯಿಮಾತಿನ ಮೇಲೆ ಹಾಕಬೇಡಿ. ಬಡಾವಣೆ ಆಗುವ ಮೊದಲು ಅದು ಹೊಲವಾಗಿದ್ದರೆ ಎರಡು ಇ.ಸಿ. ಬೇಕು: ನಿವೇಶನದ ಸಂಖ್ಯೆಗೆ ಒಂದು, ಸರ್ವೆ ನಂಬರಿಗೆ ಇನ್ನೊಂದು. ಹೊಲ ಕೈಬದಲಾದ ಕಥೆಯೆಲ್ಲ ಎರಡನೆಯದರಲ್ಲೇ ಇರುತ್ತದೆ. ಅವಧಿ 30 ವರ್ಷ ಇರಲಿ. ಕಂಪ್ಯೂಟರಿನಲ್ಲಿ ಸಲೀಸಾಗಿ ಸಿಗುವುದು 2004ರಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕಾದರೆ ಹೋಗಿ. ಐದು ವರ್ಷದ್ದು ಸಾಕು ಅನ್ನುವ ಬ್ರೋಕರ್ ಮಾತು ಕೇಳಬೇಡಿ.

ಓದುವಾಗ ಹಳೆಯ ಸಾಲಿನಿಂದ ಶುರು ಮಾಡಿ. ಪ್ರತಿ ಸಾಲಿನಲ್ಲೂ ಬರೆದುಕೊಟ್ಟವರು, ಬರೆಸಿಕೊಂಡವರು ಅಂತ ಹೆಸರಿರುತ್ತದೆ. ಇವತ್ತು ಬರೆಸಿಕೊಂಡವರೇ ಮುಂದಿನ ಮಾರಾಟದಲ್ಲಿ ಬರೆದುಕೊಟ್ಟವರಾಗಿರಬೇಕು. ನಡುವೆ ಸಂಬಂಧವಿಲ್ಲದ ಹೆಸರು ಬಂದರೆ ಕೊಂಡಿ ಕಳಚಿದೆ ಎಂದೇ ಅರ್ಥ. ಅಡಮಾನ ಇದ್ದರೆ ಅದರ ಖುಲಾಸೆ ಇದೆಯಾ ನೋಡಿ. ಕ್ರಯದ ಕರಾರು ಇದ್ದರೆ ಅದು ರದ್ದಾಗಿದೆಯಾ ನೋಡಿ. ಕುಟುಂಬದವರು ಆಸ್ತಿ ಹಂಚಿಕೊಂಡ ವಿಭಾಗಪತ್ರ ಕಂಡರೆ ನಿಂತು ನೋಡಿ, ಮನೆಯ ಹೆಣ್ಣುಮಕ್ಕಳ ಹೆಸರು ಅದರಲ್ಲಿ ಇದೆಯಾ? 2005ರ ತಿದ್ದುಪಡಿಯ ನಂತರ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಅಕ್ಕತಂಗಿಯರನ್ನು ಬಿಟ್ಟು ಮಾಡಿಕೊಂಡ ವಿಭಾಗ ನಾಳೆ ನಿಮ್ಮನ್ನು ಕೋರ್ಟಿಗೆ ಕರೆಯಬಹುದು. ವಂಶವೃಕ್ಷ ಕೇಳಿ ಪಡೆಯಿರಿ.

ಇ.ಸಿ.ಯಲ್ಲಿ ಕಾಣುವುದು ನೋಂದಣಿಯಾದ ಪತ್ರ ಮಾತ್ರ. ನೋಂದಣಿಯಾಗದ ಉಯಿಲು, ಕರಾರು ಅದರಲ್ಲಿ ಬರುವುದಿಲ್ಲ. ನಡೆಯುತ್ತಿರುವ ಕೇಸಿಗೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಮಾರುವವರ ಹೆಸರು ಹಾಕಿ ಹುಡುಕಿ. ‘ಹತ್ತು ನಿಮಿಷದಲ್ಲಿ ಲೀಗಲ್ ರಿಪೋರ್ಟ್’ ಅಂತ ದುಡ್ಡು ಕೇಳುವ ಜಾಲತಾಣಗಳಿವೆ. ನನ್ನ ಮಾತು ಕೇಳಿ, ಅದಕ್ಕೆ ದುಡ್ಡು ಹಾಕಬೇಡಿ. ತಪ್ಪು ಸಂಖ್ಯೆ ಕೊಟ್ಟರೆ ಅಲ್ಲೂ ತಪ್ಪು ಉತ್ತರವೇ. ಸರ್ಕಾರಿ ಜಾಲತಾಣದ ಹೆಸರನ್ನೇ ಹೋಲುವ ಖಾಸಗಿಯವೂ ಇವೆ, ವಿಳಾಸದಲ್ಲಿ ‘ಗವ್ ಡಾಟ್ ಇನ್’ ಇದೆಯಾ ನೋಡಿಕೊಳ್ಳಿ.

ಇನ್ನು ನೆಲ. ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ಹಾಕಿಕೊಂಡು ಆ ನಿವೇಶನದ ಮೇಲೇ ಹೋಗಿ ನಿಲ್ಲಿ. ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಅಂತ ತೋರಿಸುತ್ತದೆ. ಕಾಗದದ ನಂಬರಿಗೂ ಅದಕ್ಕೂ ತಾಳೆ ಆಗಬೇಕು. ಗಡಿಯಲ್ಲಿ ಹೆಚ್ಚುಕಮ್ಮಿ ತೋರಿಸಬಹುದು, ಅದಕ್ಕೆ ಸರ್ವೆಯರ್ ಬೇಕು. ಆ ನಂಬರಿನ ಪಹಣಿಯನ್ನು ಕಂದಾಯ ಇಲಾಖೆಯ ‘ಭೂಮಿ’ ಜಾಲತಾಣದಲ್ಲಿ ತೆಗೆದು 9, 10, 11ನೇ ಕಾಲಂ ಓದಿ: ಯಾರ ಹೆಸರು, ಹೇಗೆ ಬಂತು, ಮೇಲೆ ಏನು ಋಣ. ‘ಮಂಜೂರು’ ಅಂತ ಕಂಡರೆ ಯಾರಿಗೆ ಮಂಜೂರಾಗಿದ್ದು ಅಂತ ವಿಚಾರಿಸಿ. ಪರಿಶಿಷ್ಟರಿಗೆ ಕೊಟ್ಟ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರುವುದನ್ನು 1978ರ ಕಾಯ್ದೆ ತಡೆಯುತ್ತದೆ. ಗೂಗಲ್ ಅರ್ತ್‌ನಲ್ಲಿ ಹಳೆಯ ವರ್ಷಗಳ ಉಪಗ್ರಹ ಚಿತ್ರವನ್ನೂ ನೋಡಿ. ಕೆರೆಯಂಗಳ, ರಾಜಕಾಲುವೆ ಇದ್ದದ್ದು ಅಲ್ಲಿ ಕಾಣಿಸಬಹುದು.

ಕಟ್ಟುತ್ತಿರುವ ಫ್ಲ್ಯಾಟ್ ಆದರೆ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ. ಜಾಗ 500 ಚದರ ಮೀಟರ್ ದಾಟಿ, ಎಂಟಕ್ಕಿಂತ ಜಾಸ್ತಿ ಫ್ಲ್ಯಾಟೂ ಇದ್ದರೆ ಅಲ್ಲಿ ನೋಂದಣಿ ಕಡ್ಡಾಯ. ಜಾಹೀರಾತಿನಲ್ಲಿರುವ ಸಂಖ್ಯೆಯನ್ನು ಕರ್ನಾಟಕ ರೇರಾ ಜಾಲತಾಣದಲ್ಲೇ ಹಾಕಿ ನೋಡಿ. ನೋಂದಾಯಿತ ಕರಾರಿಗೆ ಮೊದಲು ಶೇ 10ಕ್ಕಿಂತ ಜಾಸ್ತಿ ಹಣ ತೆಗೆದುಕೊಳ್ಳುವ ಹಾಗಿಲ್ಲ.

ಇಷ್ಟಾದ ಮೇಲೆ ಇ.ಸಿ.ಯಲ್ಲಿ ಕಂಡ ಪ್ರತಿ ಪತ್ರದ ದೃಢೀಕೃತ ನಕಲಿಗೆ ಕಾವೇರಿಯಲ್ಲೇ ಅರ್ಜಿ ಹಾಕಿ. ಎಲ್ಲ ಜೋಡಿಸಿಕೊಂಡು ನಿಮ್ಮದೇ ಲಾಯರ್ ಹತ್ತಿರ ಹೋಗಿ. ಬ್ರೋಕರ್ ಹೇಳಿದ ಲಾಯರ್ ಬೇಡ.

ನೋಂದಣಿಗೆ ಮುಂಚೆ ಇನ್ನೊಂದು ಇ.ಸಿ. ತೆಗೆಯಿರಿ, ನಡುವೆ ಹೊಸ ಪತ್ರ ಏನಾದರೂ ಆಗಿರಬಹುದು. ನಾದಿನಿ ಹಾಗೇ ಮಾಡಿದಳು. ಮಾರುವವರು ಬ್ಯಾಂಕ್ ಸಾಲ ತೀರಿಸಿ ಬಂದರು. ಹೊಸ ಇ.ಸಿ.ಯಲ್ಲಿ ಐದನೇ ಸಾಲಾಗಿ ಖುಲಾಸೆ ಪತ್ರ ಬಂದಿರುವುದನ್ನು ನೋಡಿದ ಮೇಲೆಯೇ ಅವಳು ಮೊದಲ ಚೆಕ್ಕು ಬರೆದಳು.