ಕೆಲಸ, ಓದು, ನಡುವೆ ವ್ಯಾಯಾಮ: ನಾನು ಹೊಂದಿಸಿಕೊಂಡ ಕ್ರಮ

ಪೂರ್ಣಾವಧಿ ಕೆಲಸದ ಜೊತೆಗೆ ಅರೆಕಾಲಿಕ ಓದನ್ನೂ ಇಟ್ಟುಕೊಂಡವರು ವ್ಯಾಯಾಮವನ್ನು ದಿನದ ಲೆಕ್ಕದಲ್ಲಿ ಹಾಕಿಕೊಳ್ಳಬಾರದು, ಸೆಮಿಸ್ಟರಿನ ಲೆಕ್ಕದಲ್ಲಿ ಹಾಕಿಕೊಳ್ಳಬೇಕು. ‘ದಿನಾ ಬೆಳಿಗ್ಗೆ ಒಂದು ಗಂಟೆ’ ಎಂದು ಶುರುವಾದದ್ದು ಮೊದಲ ಅಸೈನ್‌ಮೆಂಟ್ ಬಂದ ವಾರವೇ ನಿಂತುಹೋಗುತ್ತದೆ. ಇದಕ್ಕೆ ಸೋಮಾರಿತನ ಕಾರಣವಲ್ಲ. ಆಫೀಸಿನ ಹೊರೆ, ಓದಿನ ಹೊರೆ ಎರಡೂ ವಾರದಿಂದ ವಾರಕ್ಕೆ ಏರಿಳಿಯುತ್ತವೆ. ವ್ಯಾಯಾಮದ ಯೋಜನೆ ಮಾತ್ರ ಎಲ್ಲ ವಾರಕ್ಕೂ ಒಂದೇ ಅಳತೆಯಲ್ಲಿ ನಿಂತಿರುತ್ತದೆ. ಹಾಗಾಗಿ ನಾನು ಎರಡು ಅಳತೆ ಇಟ್ಟುಕೊಂಡಿದ್ದೇನೆ, ಸಾಮಾನ್ಯ ವಾರಕ್ಕೆ ಒಂದು, ಇಕ್ಕಟ್ಟಿನ ವಾರಕ್ಕೆ ಇನ್ನೊಂದು. ಸೆಮಿಸ್ಟರ್ ಶುರುವಾದ ದಿನವೇ ವೇಳಾಪಟ್ಟಿ ಮುಂದಿಟ್ಟುಕೊಂಡು, ಯಾವ ವಾರಕ್ಕೆ ಯಾವ ಅಳತೆ ಎಂದು ಗುರುತು ಹಾಕಿಬಿಡುತ್ತೇನೆ. ಪರೀಕ್ಷೆಗಳು, ಅಸೈನ್‌ಮೆಂಟ್ ಗಡುವುಗಳು, ಆಫೀಸಿನ ತಿಂಗಳ ಕೊನೆ ಇವೆಲ್ಲ ಮೊದಲೇ ಗೊತ್ತಿರುವ ಸಂಗತಿಗಳು. ಆ ವಾರ ಬಂದಾಗ ಹೊಸದಾಗಿ ತೀರ್ಮಾನ ಮಾಡುವ ಕೆಲಸ ಉಳಿಯಬಾರದು.

ಮೊದಲು ಸಮಯದ ಲೆಕ್ಕ. ವಾರಕ್ಕೆ 168 ಗಂಟೆ. ದಿನಕ್ಕೆ ಏಳೂವರೆ ಗಂಟೆಯಂತೆ ನಿದ್ದೆಗೆ 52 ಚಿಲ್ಲರೆ. ಕೆಲಸಕ್ಕೆ 45, ಓಡಾಟಕ್ಕೆ 8, ಕ್ಲಾಸು ಮತ್ತು ಸ್ವಂತ ಓದಿಗೆ 16. ಊಟ, ಸ್ನಾನ, ಮನೆಗೆಲಸಕ್ಕೆ 25 ಹಿಡಿದರೂ ಸುಮಾರು 21 ಗಂಟೆ ಉಳಿಯುತ್ತದೆ. ಆದರೆ ಅದು ಒಂದೇ ಗಂಟಾಗಿ ಸಿಗುವುದಿಲ್ಲ. ಇಲ್ಲಿ 20 ನಿಮಿಷ, ಅಲ್ಲಿ 50 ನಿಮಿಷ ಎಂದು ಚೂರುಚೂರಾಗಿ ಬಿದ್ದಿರುತ್ತದೆ. ಆ ಚೂರುಗಳಿಗೆ ಹೊಂದುವಂತೆ ವ್ಯಾಯಾಮವನ್ನು ಕತ್ತರಿಸಿಕೊಳ್ಳಬೇಕು.

ಎಷ್ಟು ಬೇಕು ಎಂಬುದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿ ಸಾಕು. ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ಚಟುವಟಿಕೆ, ಇಲ್ಲವೇ 75ರಿಂದ 150 ನಿಮಿಷ ಏದುಸಿರು ಬರುವಂಥದ್ದು; ಜೊತೆಗೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕಸರತ್ತು. ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಮಾಡಿದರಷ್ಟೇ ಲೆಕ್ಕ ಎಂಬ ಹಿಂದಿನ ಷರತ್ತನ್ನು ಆಗ ಕೈಬಿಟ್ಟರು. ನಮ್ಮಂಥವರಿಗೆ ಅದು ದೊಡ್ಡ ಅನುಕೂಲ. ಏಳು ನಿಮಿಷದ ಬಿರುಸು ನಡಿಗೆಯೂ ಈಗ ಲೆಕ್ಕಕ್ಕೆ ಬರುತ್ತದೆ.

ನನ್ನ ಸಾಮಾನ್ಯ ವಾರ ಹೀಗಿರುತ್ತದೆ. ಕೆಲಸದ ಐದು ದಿನ ಓಡಾಟದಲ್ಲೇ ಸೇರಿದ 20 ನಿಮಿಷದ ಬಿರುಸು ನಡಿಗೆ, ಹೋಗುವಾಗ 10, ಬರುವಾಗ 10. ರಜೆಯ ದಿನ ಒಂದೇ ಸಲಕ್ಕೆ 50 ನಿಮಿಷ ನಡಿಗೆ, ಸೈಕಲ್ ಅಥವಾ ನಿಧಾನದ ಓಟ. ಅಲ್ಲಿಗೆ 150 ಮುಗಿಯಿತು. ಇದರ ಮೇಲೆ ಬಲದ ಕಸರತ್ತು ಎರಡು ಸಲ, ತಲಾ 25 ನಿಮಿಷ. ನಡಿಗೆ ಸಾಕಷ್ಟು ಬಿರುಸಾಗಿದೆಯೇ ಎಂದು ತಿಳಿಯಲು ಎದೆಬಡಿತ ಅಳೆಯುವ ಗಡಿಯಾರ, ಪಟ್ಟಿ ಯಾವುದೂ ಬೇಡ. ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆಗುತ್ತಿದ್ದರೆ ವೇಗ ಸಾಲದು.

ಎರಡು ಬಲದ ಕಸರತ್ತನ್ನು ಎಲ್ಲಿ ಕೂರಿಸುವುದು ಎಂಬುದೇ ನಿಜವಾದ ಪ್ರಶ್ನೆ. ನನ್ನ ಮಟ್ಟಿಗೆ ಕೆಲಸ ಮುಗಿದು ಕ್ಲಾಸು ಶುರುವಾಗುವ ನಡುವಿನ ಸಂಜೆಯ ಹೊತ್ತೇ ಅತ್ಯುತ್ತಮ. ಮೈ ಬಿಸಿಯಾಗಿರುತ್ತದೆ, ಕೀಲುಗಳು ಸಡಿಲವಾಗಿರುತ್ತವೆ, ದಿನವಿಡೀ ಕೂತ ಜಡ ಹೋಗಿ ಕ್ಲಾಸಿನಲ್ಲಿ ತಲೆ ಚುರುಕಾಗಿರುತ್ತದೆ. ಐದೂವರೆಗೆ ಕೆಲಸ ಬಿಟ್ಟು, ಏಳಕ್ಕೆ ಕ್ಲಾಸು, ದಾರಿಗೆ ಅರ್ಧ ಗಂಟೆ ಎಂದಿಟ್ಟುಕೊಳ್ಳಿ. 5.40ಕ್ಕೆ ಬಟ್ಟೆ ಬದಲಿಸಿ ಶುರು ಮಾಡಿರಬೇಕು, 6.05ಕ್ಕೆ ಮುಗಿಸಬೇಕು. 6.12ರವರೆಗೆ ನಿಧಾನವಾಗಿ ಅಡ್ಡಾಡುತ್ತಾ ನೀರು ಕುಡಿಯಬೇಕು. ಆಮೇಲೆ ಸ್ನಾನ, ಬಟ್ಟೆ; 6.25ಕ್ಕೆ ಹೊರಡಬೇಕು. ಇದರಲ್ಲಿ ಎಲ್ಲರೂ ಬಿಟ್ಟುಬಿಡುವುದು ಆ ಏಳು ನಿಮಿಷದ ಅಡ್ಡಾಟವನ್ನು. ವ್ಯಾಯಾಮ ನಿಲ್ಲಿಸಿದ ಮೇಲೂ ಮೈಯೊಳಗಿನ ಬಿಸಿ ಸ್ವಲ್ಪ ಹೊತ್ತು ಇಳಿಯದು, ಬೆವರು ಬರುತ್ತಲೇ ಇರುತ್ತದೆ. ತಕ್ಷಣ ಬಿಸಿನೀರು ಮೈಮೇಲೆ ಹಾಕಿಕೊಂಡು ಅಂಗಿ ತೊಟ್ಟರೆ ಹತ್ತು ನಿಮಿಷದಲ್ಲಿ ಅದೂ ಒದ್ದೆ. ಮೈ ಆರಲು ಬಿಟ್ಟು, ಉಗುರುಬೆಚ್ಚಗಿನ ಅಥವಾ ತಣ್ಣೀರಿನಲ್ಲಿ ಮಿಂದರೆ ಈ ತಾಪತ್ರಯವಿಲ್ಲ. ಸ್ನಾನಕ್ಕೆ ಅನುಕೂಲವೇ ಇಲ್ಲದಿದ್ದರೆ ಆ ದಿನ ಸೆಟ್ಟುಗಳ (ಒಂದು ಕಸರತ್ತನ್ನು ಬಿಡದೆ ಹಲವು ಸಲ ಮಾಡುವ ಒಂದು ಕಂತು) ನಡುವೆ ಹೆಚ್ಚು ಬಿಡುವು ಕೊಟ್ಟು, ಮುಂದೆ ಹೇಳುವ ಕಸರತ್ತಿನ ಜೋಡಿಗಳಲ್ಲಿ ಒಂದನ್ನಷ್ಟೇ ಮಾಡಿ, ಒದ್ದೆ ಟವೆಲಿನಲ್ಲಿ ಮೈ ಒರೆಸಿಕೊಂಡರೆ ಸಾಕು.

ಸಂಜೆ ಸಾಧ್ಯವಿಲ್ಲದವರಿಗೆ ಬೆಳಿಗ್ಗೆ. ಒಂದೇ ಷರತ್ತು: ಏಳುವ ಹೊತ್ತು ಹಿಂದಕ್ಕೆ ಹೋದಷ್ಟೇ ಮಲಗುವ ಹೊತ್ತೂ ಹಿಂದಕ್ಕೆ ಹೋಗಬೇಕು. ಹನ್ನೆರಡಕ್ಕೆ ಮಲಗಿ ಐದಕ್ಕೆ ಎದ್ದು ಮಾಡುವ ವ್ಯಾಯಾಮಕ್ಕೆ ನಾನು ವಿರೋಧಿ. ಓದಿದ್ದು ನೆನಪಿನಲ್ಲಿ ಗಟ್ಟಿಯಾಗುವುದೂ ನಿದ್ದೆಯಲ್ಲೇ, ಸ್ನಾಯು ಚೇತರಿಸಿಕೊಳ್ಳುವುದೂ ನಿದ್ದೆಯಲ್ಲೇ. ಅದನ್ನು ಕಡಿದರೆ ಎರಡೂ ಕಡೆ ನಷ್ಟ. ಮೂರು ನಾಲ್ಕು ದಿನಕ್ಕೊಮ್ಮೆ 15 ನಿಮಿಷದಂತೆ ಎರಡನ್ನೂ ಹಿಂದಕ್ಕೆ ಸರಿಸಿಕೊಂಡು ಬನ್ನಿ. ಬೆಳಗಿನ ಇನ್ನೊಂದು ತೊಡಕು ಬೆನ್ನಿನದು. ರಾತ್ರಿಯಿಡೀ ಮಲಗಿದಾಗ ಬೆನ್ನುಮೂಳೆಯ ನಡುವಿನ ಡಿಸ್ಕುಗಳು ನೀರು ಹೀರಿ ಉಬ್ಬಿರುತ್ತವೆ, ಬೆನ್ನು ಬಾಗಿಸಿದರೆ ಅವುಗಳ ಮೇಲೆ ಒತ್ತಡ ಹೆಚ್ಚು ಬೀಳುತ್ತದೆ. ಎದ್ದ ಮೊದಲ ಅರ್ಧ-ಮುಕ್ಕಾಲು ಗಂಟೆ ಭಾರ ಹಿಡಿದು ಮುಂದಕ್ಕೆ ಬಾಗುವ ಡೆಡ್‌ಲಿಫ್ಟ್‌ನಂಥವು ಬೇಡ. ಬೆಳಿಗ್ಗೆ ಸ್ಕ್ವಾಟ್ (ಬಸ್ಕಿ), ಪುಶ್-ಅಪ್ ಇಟ್ಟುಕೊಂಡು, ಡೆಡ್‌ಲಿಫ್ಟನ್ನು ರಜೆಯ ದಿನದ ಮಧ್ಯಾಹ್ನಕ್ಕೋ ಸಂಜೆಗೋ ತಳ್ಳಿ.

ಕ್ಲಾಸು ಮುಗಿಸಿ ಬಂದು ರಾತ್ರಿ ಹತ್ತಕ್ಕೆ ಜೋರು ಕಸರತ್ತು ಮಾಡುವುದನ್ನು ನಾನು ಸೂಚಿಸುವುದಿಲ್ಲ. ಮಲಗುವುದಕ್ಕೆ ಮೊದಲಿನ ಒಂದು ಗಂಟೆಯೊಳಗೆ ಏದುಸಿರು ಬರಿಸಿಕೊಂಡರೆ ನಿದ್ದೆ ಹತ್ತುವುದು ತಡವಾಗುತ್ತದೆ.

ಇನ್ನು ಆ 25 ನಿಮಿಷದೊಳಗೆ ಏನು ಮಾಡುವುದು ಎಂಬುದು. ಒಂದು ಸೆಟ್, ಎರಡು ನಿಮಿಷ ಕೂರು, ಮತ್ತೊಂದು ಸೆಟ್ ಎಂದು ಹೋದರೆ 12 ಸೆಟ್ಟಿಗೆ ಅರ್ಧ ಗಂಟೆ ದಾಟುತ್ತದೆ. ಬೇರೆ ಬೇರೆ ಸ್ನಾಯುಗಳ ಎರಡು ಕಸರತ್ತನ್ನು ಜೋಡಿ ಮಾಡಿದರೆ, ಒಂದು ದುಡಿಯುವಾಗ ಇನ್ನೊಂದು ವಿಶ್ರಮಿಸುತ್ತದೆ. ಮೊದಲ ದಿನ: ಎದೆಗೆ ಭಾರ ಹಿಡಿದ ಸ್ಕ್ವಾಟ್ ಜೊತೆಗೆ ಪುಶ್-ಅಪ್, ಆಮೇಲೆ ಒಂದು ಕೈಯ ರೋ (ಮುಂದಕ್ಕೆ ಬಾಗಿ ಭಾರವನ್ನು ಸೊಂಟದತ್ತ ಎಳೆಯುವುದು) ಜೊತೆಗೆ ಪ್ಲ್ಯಾಂಕ್ (ಮೊಣಕೈ, ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿದು ನಿಲ್ಲಿಸುವುದು). ಎರಡನೇ ದಿನ: ರೊಮೇನಿಯನ್ ಡೆಡ್‌ಲಿಫ್ಟ್ (ಮೊಣಕಾಲು ತುಸುವೇ ಮಡಿಸಿ, ಸೊಂಟದಿಂದ ಬಾಗಿ ಭಾರ ಎತ್ತುವುದು) ಜೊತೆಗೆ ತಲೆಯ ಮೇಲೆ ಭಾರ ಎತ್ತುವ ಪ್ರೆಸ್, ಆಮೇಲೆ ಲಂಜ್ (ಒಂದು ಕಾಲು ಮುಂದಿಟ್ಟು ಮೊಣಕಾಲು ಮಡಿಸಿ ಇಳಿಯುವುದು) ಜೊತೆಗೆ ಮತ್ತೆ ರೋ. ಒಂದು ಸೆಟ್ಟಿಗೆ ಸುಮಾರು 40 ಸೆಕೆಂಡು, ನಡುವೆ 45 ಸೆಕೆಂಡು ಬಿಡುವು. ಜೋಡಿಯ ಒಂದು ಸುತ್ತಿಗೆ ಮೂರು ನಿಮಿಷ, ಮೂರು ಸುತ್ತಿಗೆ ಒಂಬತ್ತು ಹತ್ತು. ಎರಡು ಜೋಡಿಗೆ 20, ಮೊದಲಿನ ವಾರ್ಮ್-ಅಪ್‌ಗೆ 5. ವಾರ್ಮ್-ಅಪ್ ಎಂದರೆ ಬೇರೇನಲ್ಲ: ಎರಡು ನಿಮಿಷ ನಿಂತಲ್ಲೇ ಚುರುಕು ನಡಿಗೆ, ಆಮೇಲೆ ಆ ದಿನದ ಕಸರತ್ತುಗಳನ್ನೇ ಭಾರವಿಲ್ಲದೆ ಎಂಟೆಂಟು ಸಲ.

ಎರಡೂ ದಿನ ರೋ ಇಟ್ಟಿರುವುದು ಬೇಕೆಂದೇ. ದಿನವಿಡೀ ಪರದೆ ನೋಡಿ, ಸಂಜೆ ಪುಸ್ತಕ ನೋಡುವವರ ಭುಜ ಮುಂದಕ್ಕೆ ಬಾಗಿರುತ್ತದೆ. ತಳ್ಳುವುದಕ್ಕಿಂತ ಎಳೆಯುವುದು ಅವರಿಗೆ ಹೆಚ್ಚು ಬೇಕು. ಡಂಬೆಲ್ ಇಲ್ಲದಿದ್ದರೆ ಬೆನ್ನಚೀಲಕ್ಕೆ ಪಠ್ಯಪುಸ್ತಕ ತುಂಬಿ. ತೂಕ ತಿಳಿಯಲು ಚೀಲ ಹಿಡಿದು ಒಮ್ಮೆ, ಹಿಡಿಯದೆ ಒಮ್ಮೆ ತೂಕದ ಯಂತ್ರದ ಮೇಲೆ ನಿಂತು ಕಳೆಯಿರಿ. ಪುಸ್ತಕಗಳ ನಡುವಿನ ಸಂದಿಗೆ ಟವೆಲ್ ತುರುಕದಿದ್ದರೆ ಎಳೆಯುವಾಗ ಭಾರ ಒಂದು ಕಡೆಗೆ ಜಾರಿ ಮಣಿಕಟ್ಟು ತಿರುಚುತ್ತದೆ. ಚೀಲದ ಮೇಲಿನ ಗಿಡ್ಡ ಹಿಡಿಯನ್ನೇ ಹಿಡಿಯಿರಿ; ಭುಜದ ಪಟ್ಟಿ ಹಿಡಿದು ಎಳೆದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಟೈಪ್ ಮಾಡಿ ಮಾಡಿ ಮಣಿಕಟ್ಟು ನೋಯುವವರು ಅಂಗೈ ನೆಲಕ್ಕೆ ಊರುವ ಬದಲು ಎರಡು ಡಂಬೆಲ್ ಹಿಡಿದು ಪುಶ್-ಅಪ್ ಮಾಡಲಿ, ಮಣಿಕಟ್ಟು ನೇರವಾಗಿ ನಿಲ್ಲುತ್ತದೆ. ಡಂಬೆಲ್ ಷಟ್ಕೋನದ್ದಾಗಿರಲಿ, ಗುಂಡಗಿನದು ಉರುಳುತ್ತದೆ.

ಭಾರ ಯಾವಾಗ ಏರಿಸುವುದು? ಅದಕ್ಕೆ ಒಂದು ನೋಟ್‌ಬುಕ್ಕಿನ ಒಂದು ಸಾಲು ಸಾಕು. ‘ಸ್ಕ್ವಾಟ್ 16 ಕೆ.ಜಿ.: 12, 11, 9’ ಎಂದು, ಮೂರು ಸೆಟ್ಟಿನಲ್ಲಿ ಎಷ್ಟೆಷ್ಟು ಸಲ ಮಾಡಿದಿರೆಂಬ ಎಣಿಕೆ ಬರೆದಿದೆ ಎನ್ನಿ. ಮೂರನೇ ಸೆಟ್ ಇನ್ನೂ 12ಕ್ಕೆ ಮುಟ್ಟಿಲ್ಲ, ಹಾಗಾಗಿ ಮುಂದಿನ ಸಲವೂ 16 ಕೆ.ಜಿ.ಯೇ. 12, 12, 12 ಆಗಿ, ಇನ್ನೂ ಎರಡು ಸಲ ಆಗುತ್ತಿತ್ತು ಎನ್ನಿಸಿದರೆ 18 ಕೆ.ಜಿ.ಗೆ ಏರಿ. ಆಗ ಎಣಿಕೆ ಎಂಟು ಒಂಬತ್ತಕ್ಕೆ ಇಳಿಯುತ್ತದೆ, ಅಲ್ಲಿಂದ ಮತ್ತೆ 12ರವರೆಗೆ ಹತ್ತಿ. ಹೆಚ್ಚು ಭಾರ ಕೈಗೆ ಸಿಗದಿದ್ದರೆ ಇಳಿಯುವ ಹೊತ್ತನ್ನು ಮೂರು ಸೆಕೆಂಡಿಗೆ ಎಳೆಯಿರಿ. ಪ್ರತಿ ಸೆಟ್ಟಿನಲ್ಲೂ ಒಂದೆರಡು ಎಣಿಕೆ ಉಳಿಸಿಯೇ ನಿಲ್ಲಿಸಬೇಕು. ಇನ್ನಾಗದು ಎನ್ನುವವರೆಗೆ ಎತ್ತಿದರೆ ಲಾಭ ಹೆಚ್ಚೇನಿಲ್ಲ, ದಣಿವು ಮಾತ್ರ ಮರುದಿನದ ಕೆಲಸಕ್ಕೂ ಓದಿಗೂ ಅಂಟಿಕೊಳ್ಳುತ್ತದೆ.

ತಪ್ಪಿದ ದಿನವನ್ನು ತುಂಬಿಕೊಡಲು ಹೋಗಬೇಡಿ. ಮಂಗಳವಾರ ತಪ್ಪಿತೆಂದು ಗುರುವಾರ ಎರಡರಷ್ಟು ಮಾಡಿದರೆ ಸ್ನಾಯು ನೋವು ಒಂದರಿಂದ ಮೂರು ದಿನದೊಳಗೆ ತುತ್ತತುದಿಗೇರುತ್ತದೆ, ಮೆಟ್ಟಿಲಿಳಿಯುವುದೂ ಕಷ್ಟವಾಗಿ ಶನಿವಾರದ್ದೂ ತಪ್ಪುತ್ತದೆ. ಹೋದದ್ದು ಹೋಯಿತು, ಮುಂದಿನ ಸರದಿಯದನ್ನು ಅದರ ಅಳತೆಯಲ್ಲೇ ಮಾಡಿ. ಓಟ ಶುರು ಮಾಡುವವರಿಗೂ ಇದೇ ಎಚ್ಚರ. ಉಸಿರು ಬೇಗ ಒಗ್ಗಿಕೊಳ್ಳುತ್ತದೆ, ಮೊಣಕಾಲ ಕೆಳಗಿನ ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳು ಬೇಕು. ಮೊದಲ ಕೆಲವು ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಕಣಕಾಲಿನ ಮುಂಭಾಗದ ಮೂಳೆಯಲ್ಲಿ ಒಂದೇ ಜಾಗ ಒತ್ತಿದರೆ ನೋಯುತ್ತಿದ್ದರೆ ಓಟ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಜ್ವರವಿದ್ದ ದಿನ ಯಾವ ಅಳತೆಯದೂ ಬೇಡ. ಎದೆನೋವು, ತಲೆಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಹೊಟ್ಟೆಯ ವಿಷಯ ಚಿಕ್ಕದು, ಆದರೆ ಸಂಜೆಯ ಕಸರತ್ತು ಕೆಡುವುದು ಹೆಚ್ಚಾಗಿ ಇದರಿಂದಲೇ. ಮಧ್ಯಾಹ್ನ ಉಂಡದ್ದು ಐದೂವರೆಗೆ ಕರಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ ಭಾರ ಎತ್ತಿ, ನೇರ ಕ್ಲಾಸಿಗೆ ಹೋದರೆ ಎಂಟು ಗಂಟೆಗೆ ಪಾಠ ತಲೆಗೆ ಹತ್ತುವುದಿಲ್ಲ. ನಾಲ್ಕೂವರೆಯ ಹೊತ್ತಿಗೆ ಒಂದು ಹಣ್ಣೋ ಅಂಥ ಹಗುರವಾದ್ದೋ ತಿಂದಿರಿ. ಮುಗಿದ ಮೇಲೆ, ಕ್ಲಾಸಿಗೆ ಮೊದಲು ಇನ್ನೊಂದಿಷ್ಟು. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸಾಮಾನ್ಯವಾಗಿ ಐದು ಗಂಟೆ ಬೇಕು. ಕಸರತ್ತಿಗೆ ಹುರುಪು ಬರಲೆಂದು ಆರಕ್ಕೆ ಕುಡಿದದ್ದರ ಅರ್ಧ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ನಂತರ ನಾನು ಅದನ್ನು ಬಿಟ್ಟಿದ್ದೇನೆ.

ಓದನ್ನೂ ನಡಿಗೆಯನ್ನೂ ಸೇರಿಸಬಹುದೇ ಎಂದರೆ, ಸ್ವಲ್ಪ ಮಟ್ಟಿಗೆ. ಒಮ್ಮೆ ಕೇಳಿದ ಪಾಠವನ್ನು ಮತ್ತೆ ಕೇಳಲು ಸಾಧಾರಣ ನಡಿಗೆ ಚೆನ್ನಾಗಿ ಹೊಂದುತ್ತದೆ. ಅದಕ್ಕಿಂತ ಒಳ್ಳೆಯದು ಏನನ್ನೂ ಕೇಳದೆ, ಹಿಂದಿನ ದಿನ ಓದಿದ ಅಧ್ಯಾಯವನ್ನು ಮನಸ್ಸಿನಲ್ಲೇ ಮೊದಲಿನಿಂದ ಹೇಳಿಕೊಂಡು ಹೋಗುವುದು. ಎಲ್ಲಿ ತಡವರಿಸುತ್ತೀರೋ ಮನೆಗೆ ಬಂದು ಅಲ್ಲಿಂದ ಓದಿ. ಹೊಸ ವಿಷಯ, ಲೆಕ್ಕ, ಸೂತ್ರ ಇವು ನಡಿಗೆಯಲ್ಲಿ ಆಗುವುದಿಲ್ಲ. ಭಾರ ಎತ್ತುವಾಗಲಂತೂ ಕಿವಿಯಲ್ಲಿ ಪಾಠ ಬೇಡವೇ ಬೇಡ, ಎಣಿಕೆಯೂ ತಪ್ಪುತ್ತದೆ, ಬೆನ್ನಿನ ಮೇಲಿನ ಗಮನವೂ ತಪ್ಪುತ್ತದೆ.

ಇಕ್ಕಟ್ಟಿನ ವಾರದ ಅಳತೆಯ ಹಿಂದಿರುವ ತತ್ವ ಸರಳ: ಗಳಿಸಿದ ಬಲವನ್ನು ಉಳಿಸಿಕೊಳ್ಳಲು, ಗಳಿಸುವಾಗ ಬೇಕಾದದ್ದರಲ್ಲಿ ಸಣ್ಣ ಪಾಲು ಸಾಕು, ಭಾರವನ್ನು ಮಾತ್ರ ಇಳಿಸಬಾರದು. ಹಾಗಾಗಿ ಪರೀಕ್ಷೆಯ ವಾರ 16 ಕೆ.ಜಿ.ಯ ಸ್ಕ್ವಾಟ್ 16 ಕೆ.ಜಿ.ಯಲ್ಲೇ ಇರುತ್ತದೆ, ಮೂರು ಸೆಟ್ ಇದ್ದದ್ದು ಒಂದಾಗುತ್ತದೆ. ವಾರ್ಮ್-ಅಪ್ ಸೇರಿ 12 ನಿಮಿಷ, ವಾರಕ್ಕೆ ಒಮ್ಮೆ, ಸಾಧ್ಯವಾದರೆ ಎರಡು ಸಲ. ಹೆಚ್ಚಿನವರು ಇದರ ತಲೆಕೆಳಗು ಮಾಡುತ್ತಾರೆ: ಭಾರ ಅರ್ಧಕ್ಕಿಳಿಸಿ, ಸೆಟ್ ಅಷ್ಟೇ ಇಟ್ಟುಕೊಂಡು, ಸಮಯವನ್ನೂ ಉಳಿಸುವುದಿಲ್ಲ, ಬಲವನ್ನೂ ಉಳಿಸುವುದಿಲ್ಲ. ರಜೆಯ ದಿನದ 50 ನಿಮಿಷ ಆ ವಾರ ರದ್ದು. ಓಡಾಟದ ನಡಿಗೆ ಮಾತ್ರ ಎಂದಿನಂತೆ. ಅದು ಹೇಗೂ ದಾರಿಯಲ್ಲೇ ಆಗುವಂಥದ್ದು. ಓದಲು ಕೂತಾಗ 45 ನಿಮಿಷಕ್ಕೊಮ್ಮೆ ಎದ್ದು, ಒಂದು ಮೊಣಕಾಲು ನೆಲಕ್ಕೂರಿ ಸೊಂಟವನ್ನು ಮುಂದಕ್ಕೆ ಚಾಚಿ ಒಂದೊಂದು ಕಡೆಗೆ 30 ಸೆಕೆಂಡು ನಿಂತರೆ, ಕೂತು ಬಿಗಿದ ತೊಡೆಸಂದು ಸಡಿಲವಾಗುತ್ತದೆ.

ಎರಡು ವಾರ ಪೂರ್ತಿ ತಪ್ಪಿಹೋಗಿದ್ದರೆ ಮರಳುವಾಗ ಹಳೆಯ ಭಾರದ ಮೂರರಲ್ಲಿ ಎರಡು ಪಾಲಿನಿಂದ, ಎರಡೇ ಸೆಟ್ಟಿನಿಂದ ಶುರು ಮಾಡಿ. 18 ಕೆ.ಜಿ. ಎತ್ತುತ್ತಿದ್ದವರು 12ಕ್ಕೆ. ಎರಡನೇ ವಾರ 16, ಮೂರನೇ ವಾರ 18, ಮೂರು ಸೆಟ್. ಏರೋಬಿಕ್ ಕಸುವು (ಏದುಸಿರಿಲ್ಲದೆ ನಡೆಯುವ, ಓಡುವ ತಾಕತ್ತು) ಬಲಕ್ಕಿಂತ ಬೇಗ ಕರಗುವುದರಿಂದ ಮೊದಲ ವಾರ ನಡಿಗೆಯಲ್ಲೇ ಏದುಸಿರು ಬರಬಹುದು. ಆ ವಾರ ಓಟ ಬಿಟ್ಟು ನಡಿಗೆಯನ್ನೇ 30 ನಿಮಿಷಕ್ಕೆ ಎಳೆಯಿರಿ, ಓಟವನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.