ಹಳೇ ಮೋಟಾರ್‌ಹೋಮ್‌ಗೆ ಮೊದಲು ಹೋಗುವ ನೀರು, ಆಮೇಲೆ ಬರುವ ನೀರು

ನಮ್ಮದು 1989ರ ಮಾಡೆಲ್, ಫೋರ್ಡ್ ಇ-350 ವ್ಯಾನ್ ಷಾಸಿ ಮೇಲೆ ಕಟ್ಟಿದ ಕ್ಲಾಸ್ ಸಿ ಮೋಟಾರ್‌ಹೋಮ್, ಅಂದರೆ ಅಡುಗೆಮನೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ನಾವಿರುವುದು ಮಿಷಿಗನ್‌ನಲ್ಲಿ. ಗಾಡಿ ತಂದ ಮೇಲೆ ಎಂಜಿನ್‌ಗಿಂತ ಜಾಸ್ತಿ ಕೆಲಸ ಹಿಡಿದದ್ದು ನೀರಿನ ವ್ಯವಸ್ಥೆ. ಸಿಂಕ್ ಕೆಳಗಿನ ಬಾಗಿಲು ತೆಗೆದರೆ ಬೂದು ಬಣ್ಣದ ಪೈಪು ಕಾಣಿಸಿತು. ಅದು ಪಾಲಿಬ್ಯುಟಿಲೀನ್ ಅನ್ನುವ ಪ್ಲಾಸ್ಟಿಕ್. 1970ರ ದಶಕದ ಕೊನೆಯಿಂದ 1995ರ ಸುಮಾರಿನ ತನಕ ಅಮೆರಿಕದ ಮನೆಗಳಿಗೂ ಇಂಥ ಗಾಡಿಗಳಿಗೂ ಇದನ್ನೇ ಹಾಕುತ್ತಿದ್ದರು. ನಲ್ಲಿ ನೀರಿನ ಕ್ಲೋರಿನ್ ತಾಗಿ ತಾಗಿ ಒಳಗಿನಿಂದಲೇ ಪೆಡಸಾಗಿ ಬಿರುಕು ಬಿಡುತ್ತದೆ. ಮೇಲೆ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇಂಥದ್ದಕ್ಕೆ ತೇಪೆ ಹಾಕಿ ಪ್ರಯೋಜನವಿಲ್ಲ. ಪೂರ್ತಿ ಕಿತ್ತು ಹೊಸದು ಹಾಕಬೇಕು ಅಂತ ತೀರ್ಮಾನಿಸಿದೆ. ಟಾಯ್ಲೆಟ್ ಕೊಳೆ ಸೇರುವ ಬ್ಲ್ಯಾಕ್ ಟ್ಯಾಂಕ್ ಮೂಲೆಯಲ್ಲೂ ಸೀಳು ಇತ್ತು. ಹಾಗಾಗಿ ಕೊಳೆ ನೀರಿನ ಕಡೆಯೂ ಹೊಸದಾಗಿಯೇ ಶುರು.

ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನು ಒತ್ತಿ ಹೇಳುವುದು ಒಂದೇ ಮಾತು. ಮೊದಲು ಹೋಗುವ ನೀರಿಗೆ, ಅಂದರೆ ಕೊಳೆ ನೀರಿಗೆ ದಾರಿ ಮಾಡಿ, ಬರುವ ನೀರನ್ನು ಆಮೇಲೆ ನೋಡಿ. ಬರುವ ನೀರಿಗೆ ಪಂಪ್ ಇದೆ. ಅದು ಪೈಪನ್ನು ಹತ್ತಿಸಿ, ಇಳಿಸಿ, ಬೀರುವಿನ ಹಿಂದೆ ಸುತ್ತಿಸಿ ಎಲ್ಲಿಗೆ ಬೇಕಾದರೂ ಒಯ್ಯುತ್ತದೆ. ಹೋಗುವ ನೀರಿಗೆ ಇರುವುದು ವಾಟ ಮಾತ್ರ. ಒಂದು ಅಡಿಗೆ ಕಾಲು ಇಂಚು ಇಳಿಯಬೇಕು. ನೆಲಕ್ಕೂ ಟ್ಯಾಂಕಿಗೂ ನಡುವೆ ಸಿಗುವ ಜಾಗವೇ ಅಂಗೈಯಷ್ಟಿರುವಾಗ ಆ ಕಾಲು ಇಂಚು ದೊಡ್ಡ ಲೆಕ್ಕ. ಸಿಂಕ್ ಎಲ್ಲಿ, ಷವರ್ ಎಲ್ಲಿ, ಟಾಯ್ಲೆಟ್ ಎಲ್ಲಿ ಅನ್ನುವುದನ್ನು ಟ್ಯಾಂಕ್ ಇರುವ ಜಾಗವೇ ನಿರ್ಧರಿಸುತ್ತದೆ. ಚೆಂದದ ಬಚ್ಚಲು ಕಟ್ಟಿ ಆಮೇಲೆ ಟ್ಯಾಂಕ್ ಹುಡುಕಲು ಹೊರಟರೆ ಕಟ್ಟಿದ್ದನ್ನು ಒಡೆಯಬೇಕಾಗುತ್ತದೆ.

ಗಾಡಿಯನ್ನು ಸಮ ನೆಲದಲ್ಲಿ ನಿಲ್ಲಿಸಿ, ರಸಮಟ್ಟ ಇಟ್ಟು ನೋಡಿ, ಅಡಿಯಲ್ಲಿ ಮಲಗಿ ಅಳತೆ ತೆಗೆದೆ. ಆಕ್ಸಲ್ ಎಷ್ಟು ಮೇಲೆ ಕೆಳಗೆ ಆಡುತ್ತದೆ, ಎಕ್ಸಾಸ್ಟ್ ಪೈಪ್ ಎಲ್ಲಿ ಹಾದುಹೋಗುತ್ತದೆ, ಡ್ರೈವ್ ಶಾಫ್ಟ್‌ಗೆ ಎಷ್ಟು ಜಾಗ ಬಿಡಬೇಕು ಎಲ್ಲವನ್ನೂ ಕಾಗದದಲ್ಲಿ ಬರೆದುಕೊಂಡೆ. ಎಕ್ಸಾಸ್ಟ್ ಕಡೆಗೆ ತಗಡಿನ ಶಾಖ ತಡೆ ಇಲ್ಲದೆ ಪ್ಲಾಸ್ಟಿಕ್ ಟ್ಯಾಂಕ್ ಕೂರಿಸಲೇಬಾರದು. ಕೊಳೆ ನೀರು ಹೊರಹೋಗುವ ಬಾಯಿ ಡ್ರೈವರ್ ಕೂರುವ ಕಡೆಗೆ ಬರಬೇಕು. ಇಲ್ಲಿನ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಕನೆಕ್ಷನ್ ಸಾಮಾನ್ಯವಾಗಿ ಆ ಬದಿಗೇ ಇರುತ್ತದೆ.

ತೂಕ ಮರೆಯಬೇಡಿ. ಒಂದು ಗ್ಯಾಲನ್ ನೀರು ಅಂದರೆ ಸುಮಾರು 3.8 ಕಿಲೋ. ನಮ್ಮ 30 ಗ್ಯಾಲನ್ ಬ್ಲ್ಯಾಕ್ ಟ್ಯಾಂಕ್ ತುಂಬಿದರೆ 113 ಕಿಲೋ. ಅದೂ ಗುಂಡಿ ಬಿದ್ದ ರಸ್ತೆಯಲ್ಲಿ ಕುಲುಕುತ್ತಾ ಹೋಗುವ 113 ಕಿಲೋ. ಬರೀ ಪಟ್ಟಿ ಕಟ್ಟಿ ನೇತು ಹಾಕುವುದು ನನಗೆ ಸರಿ ಕಾಣಲಿಲ್ಲ. ಕಬ್ಬಿಣದ ಆಂಗಲ್‌ನಲ್ಲಿ ತೊಟ್ಟಿಲು ಮಾಡಿಸಿ, ಕ್ರಾಸ್ ಮೆಂಬರ್‌ಗಳಿಗೆ ಬೋಲ್ಟ್ ಹಾಕಿಸಿ, ಟ್ಯಾಂಕ್ ಪೂರ್ತಿ ಅಡಿ ಅದರ ಮೇಲೆ ಕೂರುವಂತೆ ಮಾಡಿದೆ.

ಹೊಸ ಟ್ಯಾಂಕ್ ಪಾಲಿಥಿಲೀನ್‌ನದು. ಅದಕ್ಕೆ ಯಾವ ಪೈಪ್ ಅಂಟೂ ಹಿಡಿಯುವುದಿಲ್ಲ. ಫಿಟ್ಟಿಂಗ್‌ಗಳನ್ನು ಮಷೀನಿನಲ್ಲಿ ಗಿರ್ರನೆ ತಿರುಗಿಸಿ, ಆ ಬಿಸಿಗೆ ಕರಗಿಸಿ ಬೆಸೆಯುತ್ತಾರೆ. ಅದು ಮನೆಯಲ್ಲಿ ಆಗುವ ಕೆಲಸವಲ್ಲ. ಹಾಗಾಗಿ ಟಾಯ್ಲೆಟ್ ಬಾಯಿ, ವೆಂಟ್, ಡ್ರೈನ್ ಎಲ್ಲೆಲ್ಲಿ ಬರಬೇಕು ಅಂತ ಚಿತ್ರ ಬರೆದು ಕಳಿಸಿ, ಫಿಟ್ಟಿಂಗ್ ಸಮೇತ ತರಿಸಿದೆ. ಚಿತ್ರ ಕಳಿಸುವ ಮುಂಚೆ ರಟ್ಟಿನಲ್ಲಿ ಅದೇ ಅಳತೆಯ ಪೆಟ್ಟಿಗೆ ಮಾಡಿ ಗಾಡಿಯಡಿ ಹಿಡಿದು ನೋಡಿದ್ದು ತುಂಬಾ ಉಪಯೋಗಕ್ಕೆ ಬಂತು.

ಟಾಯ್ಲೆಟ್‌ನಿಂದ ನೇರ ಕೆಳಕ್ಕೆ 3 ಇಂಚಿನ ಎಬಿಎಸ್ ಅನ್ನುವ ಕಪ್ಪು ಪ್ಲಾಸ್ಟಿಕ್ ಪೈಪ್. ಸಿಂಕ್, ಷವರ್‌ಗೆ ಒಂದೂವರೆ ಇಂಚು. ಮೊದಲು ಎಲ್ಲವನ್ನೂ ಅಂಟಿಲ್ಲದೆ ಜೋಡಿಸಿ, ಪ್ರತಿ ಜಾಯಿಂಟ್‌ಗೂ ಅಡ್ಡಲಾಗಿ ಬಿಳಿ ಪೆನ್ಸಿಲ್ ಗೆರೆ ಎಳೆದೆ. ಕಪ್ಪು ಪೈಪಿನ ಮೇಲೆ ಬಿಳಿ ಗೆರೆ ಚೆನ್ನಾಗಿ ಕಾಣುತ್ತದೆ. ಆಮೇಲೆ ಒಂದೊಂದೇ ಬಿಚ್ಚಿ, ಕತ್ತರಿಸಿದ ಅಂಚಿನ ಸಿಬಿರು ಕೆರೆದು, ಪೈಪಿಗೂ ಫಿಟ್ಟಿಂಗ್ ಒಳಗೂ ಅಂಟು ಸವರಿ, ಗೆರೆಯಿಂದ ಕಾಲು ಸುತ್ತು ಆಚೆ ಹಿಡಿದು ಒತ್ತಬೇಕು. ಒತ್ತುತ್ತಲೇ ತಿರುಗಿಸಿ ಗೆರೆಗೆ ಗೆರೆ ಸೇರಿಸಬೇಕು. ಸೇರಿದ ಮೇಲೆ ಅರ್ಧ ನಿಮಿಷ ಬಿಡದೆ ಹಿಡಿದಿರಬೇಕು, ಇಲ್ಲದಿದ್ದರೆ ಪೈಪ್ ತಾನಾಗಿಯೇ ಹಿಂದಕ್ಕೆ ಜಾರುತ್ತದೆ. ಅಂಟು ಬೇಗ ಹಿಡಿಯುತ್ತದೆ, ಯೋಚಿಸಲು ಸಮಯ ಕೊಡುವುದಿಲ್ಲ. ಆ ಗೆರೆ ಇದ್ದರೆ ಯೋಚಿಸುವ ಅಗತ್ಯವೂ ಬರುವುದಿಲ್ಲ.

ಇನ್ನು ವಾಸನೆ. ಮೋಟಾರ್‌ಹೋಮ್ ಅಂದರೆ ಮೂಗು ಮುಚ್ಚಿಕೊಳ್ಳುವವರು ಬಹಳ ಜನ. ಇದರ ಮೂಲ ಎಷ್ಟೋ ಸಲ ವೆಂಟ್ ಪೈಪಿನಲ್ಲೇ ಇರುತ್ತದೆ. ಟ್ಯಾಂಕಿನ ಮೇಲ್ಭಾಗದಿಂದ ಚಾವಣಿಯ ತನಕ ಒಂದು ಪೈಪ್ ಹೋಗಿ ಗಾಳಿಯನ್ನು ಹೊರಬಿಡುತ್ತದೆ. ಆ ಪೈಪಿನ ಕೆಳತುದಿ ಟ್ಯಾಂಕಿನೊಳಗೆ ಒಂದು ಇಂಚಿಗಿಂತ ಜಾಸ್ತಿ ಇಳಿದಿರಬಾರದು. ಹಳೇ ಗಾಡಿಗಳಲ್ಲಿ ವರ್ಷಗಟ್ಟಲೆ ಅದುರಿ ಅದುರಿ ಪೈಪ್ ಟ್ಯಾಂಕಿನ ತೂತಿಗೆ ಹಾಕಿದ ರಬ್ಬರ್ ಬಳೆಯ, ಅಂದರೆ ಗ್ರಾಮೆಟ್‌ನೊಳಗೆ ಜಾರಿ ಕೆಳಕ್ಕೆ ಇಳಿದಿರುತ್ತದೆ. ಟ್ಯಾಂಕ್ ಮುಕ್ಕಾಲು ತುಂಬುತ್ತಿದ್ದ ಹಾಗೆ ಪೈಪಿನ ಬಾಯಿ ಮುಳುಗುತ್ತದೆ. ಆಗ ಒಳಗಿನ ಗಾಳಿಗೆ ಬೇರೆ ದಾರಿಯಿಲ್ಲ, ಫ್ಲಶ್ ಮಾಡಿದಾಗ ಟಾಯ್ಲೆಟ್ ಮೂಲಕವೇ ಮೇಲಕ್ಕೆ ಬರುತ್ತದೆ. ನಾನು ಗ್ರಾಮೆಟ್‌ಗೆ ತಾಗುವಂತೆ ಪೈಪಿಗೆ ಒಂದು ಕಪ್ಲರ್ ಅಂಟಿಸಿದೆ. ಇನ್ನು ಅದು ಕೆಳಗೆ ಜಾರುವಂತೆಯೇ ಇಲ್ಲ. ಚಾವಣಿಯ ತೂತಿನ ಸುತ್ತ ಹಳೇ ಸೀಲಂಟ್ ಪೂರ್ತಿ ಕೆರೆದು, ತಾನೇ ಹರಡಿ ಕೂರುವ ಲ್ಯಾಪ್ ಸೀಲಂಟ್ ಹಾಕಿದೆ. ಬಚ್ಚಲಿನ ಫ್ಯಾನ್ ಓಡುತ್ತಿರುವಾಗ ಫ್ಲಶ್ ಮಾಡಬೇಡಿ. ವೆಂಟ್ ಎಷ್ಟೇ ಚೆನ್ನಾಗಿದ್ದರೂ ಫ್ಯಾನ್ ಆ ಗಾಳಿಯನ್ನು ಒಳಕ್ಕೇ ಎಳೆಯುತ್ತದೆ.

ಷವರ್ ಕೆಳಗೆ ಮಾಮೂಲಿ ಪಿ-ಟ್ರ್ಯಾಪ್‌ಗೆ, ಅಂದರೆ ನೀರು ನಿಂತು ವಾಸನೆ ತಡೆಯುವ ಬಾಗಿದ ಪೈಪಿಗೆ ಜಾಗವಿರಲಿಲ್ಲ. ಅಲ್ಲಿ ಹೆಪ್ವೋ ವಾಲ್ವ್ ಹಾಕಿದೆ. ಒಳಗೆ ಮೆತ್ತನೆಯ ಸಿಲಿಕೋನ್ ನಾಲಿಗೆ ಇರುತ್ತದೆ. ನೀರು ಬಂದಾಗ ತೆರೆದು, ನಿಂತಾಗ ಮುಚ್ಚಿಕೊಳ್ಳುತ್ತದೆ. ಟ್ರ್ಯಾಪ್‌ನಲ್ಲಿ ನಿಲ್ಲುವ ನೀರು ಇಲ್ಲಿಲ್ಲ, ಹಾಗಾಗಿ ಚಳಿಗೆ ಹೆಪ್ಪುಗಟ್ಟುವ ಭಯವೂ ಇಲ್ಲ. ಅಡುಗೆ ಸಿಂಕ್‌ಗೆ ಮಾತ್ರ ಬಿಚ್ಚಲು ಬರುವ ಪಿ-ಟ್ರ್ಯಾಪ್ ಇಟ್ಟೆ. ನಮ್ಮ ಅಡುಗೆಯಲ್ಲಿ ಒಗ್ಗರಣೆ ಎಣ್ಣೆ, ಸಾಸಿವೆ, ಅನ್ನದ ಅಗುಳು ಎಲ್ಲ ಇರುತ್ತದೆ ಅಲ್ವಾ? ಸಿಂಕ್, ಷವರ್ ನೀರು ಹೋಗುವ ಗ್ರೇ ಟ್ಯಾಂಕ್ ಸೇರಿದ ಅನ್ನ ಎರಡೇ ದಿನದಲ್ಲಿ ಹುಳಿ ವಾಸನೆ ಹೊಡೆಯುತ್ತದೆ. ಪಾತ್ರೆಯನ್ನು ಮೊದಲು ಪೇಪರ್ ಟವಲ್‌ನಲ್ಲಿ ಒರೆಸಿ, ಸಿಂಕ್‌ಗೆ ಸಣ್ಣ ಜಾಲರಿ ಇಟ್ಟು ತೊಳೆಯುವುದು ನಮ್ಮ ಮನೆಯ ನಿಯಮ.

ಟಾಯ್ಲೆಟ್ ಪಕ್ಕ ಹ್ಯಾಂಡ್ ಸ್ಪ್ರೇ ಕೂಡ ಹಾಕಿದೆ. ಬ್ಲ್ಯಾಕ್ ಟ್ಯಾಂಕಿಗೆ ಇದು ಒಳ್ಳೆಯದೇ. ಕಾಗದ ಕಡಿಮೆ, ನೀರು ಜಾಸ್ತಿ ಆದಷ್ಟೂ ಅಲ್ಲಿ ಏನೂ ಕಟ್ಟಿಕೊಳ್ಳುವುದಿಲ್ಲ. ಟ್ಯಾಂಕ್ ಸ್ವಲ್ಪ ಬೇಗ ತುಂಬುತ್ತದೆ, ಅಷ್ಟೇ.

ಬರುವ ನೀರಿನ ಕೆಲಸ ಇದರ ಮುಂದೆ ಸುಲಭ. 40 ಗ್ಯಾಲನ್ ಟ್ಯಾಂಕ್, ಸ್ಟ್ರೇನರ್, 12 ವೋಲ್ಟ್ ಪಂಪ್, ಅರ್ಧ ಇಂಚಿನ ಪೆಕ್ಸ್ ಅನ್ನುವ ಬಾಗುವ ಪ್ಲಾಸ್ಟಿಕ್ ಪೈಪ್. ಬಿಸಿಗೆ ಕೆಂಪು, ತಣ್ಣಗಿನದಕ್ಕೆ ನೀಲಿ. ತಾಮ್ರದ ರಿಂಗನ್ನು ಪೈಪಿನ ತುದಿಯಿಂದ ಸುಮಾರು ಕಾಲು ಇಂಚು ಒಳಗಿಟ್ಟು ಕ್ರಿಂಪ್ ಮಾಡಿ, ಪ್ರತಿಯೊಂದನ್ನೂ ಗೇಜ್ ಹಾಕಿ ನೋಡಬೇಕು. ಪಂಪಿನ ಎರಡೂ ಬದಿಗೆ ಗಟ್ಟಿ ಪೈಪ್ ಬದಲು ಒಂದೊಂದು ಅಡಿ ಬಾಗುವ ಹೋಸ್ ಹಾಕಿದರೆ ರಾತ್ರಿ ಹೊತ್ತು ಗಡಗಡ ಸದ್ದು ಕೇಳಿಸುವುದಿಲ್ಲ. ಕ್ಯಾಂಪ್‌ಗ್ರೌಂಡ್ ನಲ್ಲಿಗೆ ಜೋಡಿಸುವಾಗ 45 ಪಿಎಸ್ಐ ಆಸುಪಾಸಿನ ಪ್ರೆಷರ್ ರೆಗ್ಯುಲೇಟರ್ ಕಡ್ಡಾಯ. ಕೆಲವು ಕಡೆ ಒತ್ತಡ ಅದರ ಎರಡರಷ್ಟಿರುತ್ತದೆ.

ಮಿಷಿಗನ್ ಚಳಿಗಾಲ ನೆನಪಿಟ್ಟುಕೊಂಡೇ ಪೈಪ್ ಎಳೆಯಬೇಕು. ನೀರು ಹೆಪ್ಪುಗಟ್ಟಿದರೆ ಶೇಕಡಾ 9ರಷ್ಟು ಹಿಗ್ಗುತ್ತದೆ. ಪೆಕ್ಸ್ ತಾಳಿಕೊಂಡರೂ ಪಂಪ್, ನಲ್ಲಿ, ಟಾಯ್ಲೆಟ್ ವಾಲ್ವ್ ಒಡೆಯುತ್ತವೆ. ಬಿಸಿ, ತಣ್ಣೀರು ಎರಡೂ ಲೈನಿನ ಅತಿ ತಗ್ಗಿನ ಜಾಗದಲ್ಲಿ ಡ್ರೈನ್ ಕೊಟ್ಟೆ. ಚಳಿಗಾಲಕ್ಕೆ ಪೈಪಿನಲ್ಲಿ ನೀರಿನ ಬದಲು ಹೆಪ್ಪುಗಟ್ಟದ ಆಂಟಿಫ್ರೀಜ್ ತುಂಬಿಸುತ್ತೇವೆ, ಅದಕ್ಕೆಂದೇ ನೀರಿನ ಹೀಟರ್‌ಗೆ ಬೈಪಾಸ್ ವಾಲ್ವ್ ಹಾಕಿದೆ. ಅದಿಲ್ಲದಿದ್ದರೆ ಅದರ 6 ಗ್ಯಾಲನ್ ಹೊಟ್ಟೆಗೂ ಸುಮ್ನೆ ಆಂಟಿಫ್ರೀಜ್ ಸುರಿಯಬೇಕು. ಬಳಸಬೇಕಾದ್ದು ಗುಲಾಬಿ ಬಣ್ಣದ ಪ್ರೊಪಿಲೀನ್ ಗ್ಲೈಕಾಲ್. ಕಾರಿನ ರೇಡಿಯೇಟರ್‌ಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಕುಡಿಯುವ ನೀರಿನ ಪೈಪಿನ ಹತ್ತಿರಕ್ಕೂ ತರಬೇಡಿ.

ಎಲ್ಲ ಮುಗಿದ ಮೇಲೆ ಪಂಪ್ ಆನ್ ಮಾಡಿ ನಲ್ಲಿಗಳನ್ನೆಲ್ಲ ಮುಚ್ಚಿ. ಒತ್ತಡ ಏರಿ ಪಂಪ್ ತಾನಾಗಿಯೇ ನಿಲ್ಲುತ್ತದೆ. ಯಾರೂ ನಲ್ಲಿ ತೆರೆಯದಿದ್ದರೂ ಅದು ಮತ್ತೆ ಗುರ್ ಅಂದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಮೇಲೆ ಟ್ಯಾಂಕ್, ಪೈಪ್ ಶುದ್ಧವಾಗಲು 15 ಗ್ಯಾಲನ್ ನೀರಿಗೆ ಕಾಲು ಕಪ್ ಲೆಕ್ಕದಲ್ಲಿ ಪರಿಮಳವಿಲ್ಲದ ಬ್ಲೀಚ್ ಬೆರೆಸಿ, ಎಲ್ಲ ನಲ್ಲಿಗೂ ಹಾಯಿಸಿ, ರಾತ್ರಿಯಿಡೀ ಬಿಟ್ಟು, ವಾಸನೆ ಹೋಗುವ ತನಕ ತೊಳೆಯಿರಿ.

ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸಿಂಕ್, ಷವರ್‌ನ ಸಾಬೂನು ನೀರೇ ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಕನೆಕ್ಷನ್ ಇರುವ ಜಾಗದಲ್ಲಿ ಬ್ಲ್ಯಾಕ್ ವಾಲ್ವನ್ನು ಸದಾ ತೆರೆದಿಡುವವರಿದ್ದಾರೆ. ಹಾಗೆ ಮಾಡಿದರೆ ನೀರು ಹರಿದುಹೋಗಿ ಗಟ್ಟಿ ಅಂಶ ಟಾಯ್ಲೆಟ್ ಬಾಯಿಯ ಕೆಳಗೇ ಗುಡ್ಡೆಯಾಗಿ ಒಣಗುತ್ತದೆ. ಅದನ್ನು ತೆಗೆಯುವುದು ತುಂಬಾ ಕಷ್ಟ. ವಾಲ್ವ್ ಮುಚ್ಚಿಟ್ಟು, ಮುಕ್ಕಾಲು ತುಂಬಿದ ಮೇಲೆ ಒಂದೇ ಸಲ ಎಳೆದು ತೆರೆಯಿರಿ. ಖಾಲಿಯಾದ ತಕ್ಷಣ ಟ್ಯಾಂಕಿಗೆ ಒಂದೆರಡು ಗ್ಯಾಲನ್ ನೀರು ಬಿಟ್ಟು ಹೊರಡಿ.